ಬೇಸ್ ತಗೊಂಡು ಕೆಲಸ ಮಾಡಿಸುವುದಾ, ಟಾಪ್ ಎಂಡೇ ತಗೊಳ್ಳುವುದಾ? ಮೇಸ್ತ್ರಿ ಜೊತೆ ಪ್ರಶ್ನೋತ್ತರ

ಗ್ಯಾರೇಜ್ ಮೇಸ್ತ್ರಿ, ಬೈಕಂಪಾಡಿ:
ಎಲ್ಲರಿಗೂ ನಮಸ್ಕಾರ. ಅಡ್ಮಿನ್ ಕೇಳಿಕೊಂಡದ್ದರಿಂದ ಇವತ್ತು ಸಂಜೆ ಫೋನ್ ಹಿಡಿದು ಕೂತಿದ್ದೇನೆ. ಥಾರ್, ಜಿಮ್ನಿ, ಗೂರ್ಖಾದಂಥ ಗಾಡಿ ತಗೊಳ್ಳುವಾಗ ಕಡಿಮೆ ಬೆಲೆಯ ಬೇಸ್ ಮಾಡೆಲ್ ತಂದು ಹೊರಗೆ ಕೆಲಸ ಮಾಡಿಸುವುದಾ, ಅಥವಾ ಎಲ್ಲ ಸೌಕರ್ಯ ಇರುವ ಟಾಪ್ ಎಂಡಾ? ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಟೈರ್, ಸೀಟ್, ಸ್ಕ್ರೀನ್, ಸ್ಪೀಕರ್, ಕೆಳಗಿನ ಕೋಟಿಂಗ್ ಇವನ್ನೆಲ್ಲ ಹೊರಗೆ ಮಾಡಿಸಿ, ತೊಂದರೆ ಇಲ್ಲ. ಫೋರ್ ಬೈ ಫೋರ್ (ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವುದು), ಏರ್‌ಬ್ಯಾಗ್, ಇಎಸ್‌ಪಿ (ಗಾಡಿ ಜಾರದ ಹಾಗೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ) ಕಂಪೆನಿಯಿಂದಲೇ ಬರಬೇಕು. ಕೇಳುವಾಗ ಯಾವ ಗಾಡಿ, ಎಲ್ಲಿ ಓಡಿಸುತ್ತೀರಿ ಅಂತ ಬರೆಯಿರಿ. ಅದಿಲ್ಲದೆ ಉತ್ತರ ಹೇಳಲು ಬರುವುದಿಲ್ಲ.

ಬೆಳ್ತಂಗಡಿ ತೋಟ:
ನಮಸ್ಕಾರ. ನಮ್ಮದು ಅಡಿಕೆ ತೋಟ. ಮುಖ್ಯ ರಸ್ತೆಯಿಂದ ಮನೆಗೆ ಇಳಿಜಾರಿನ ಮಣ್ಣು ರಸ್ತೆ. ಥಾರ್ ಟೂ ವೀಲ್ ಡ್ರೈವ್ ಕಡಿಮೆಗೆ ಸಿಗುತ್ತದೆ. ಅದನ್ನು ತಗೊಂಡು ಆಮೇಲೆ ಫೋರ್ ಬೈ ಫೋರ್ ಮಾಡಿಸಿಕೊಳ್ಳಬಹುದಾ? ಒಬ್ಬರು ಮಾಡಿಕೊಡುತ್ತೇನೆ ಅಂದಿದ್ದಾರೆ.

ಗ್ಯಾರೇಜ್ ಮೇಸ್ತ್ರಿ:
ಬೇಡ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಗಾಡಿ, ಒಳಗೆ ಹಾಗಲ್ಲ. 2023ರ ಜನವರಿಯಲ್ಲಿ ಬಂದ ಟೂ ವೀಲ್ ಡ್ರೈವ್ ಥಾರಿನಲ್ಲಿ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಇಲ್ಲ, ಅದನ್ನು ಎಡ ಬಲ ಚಕ್ರಕ್ಕೆ ಹಂಚುವ ಮುಂದಿನ ಡಿಫರೆನ್ಶಿಯಲ್ ಇಲ್ಲ, ಮುಂದಕ್ಕೆ ಹೋಗುವ ಶಾಫ್ಟ್ ಇಲ್ಲ. ಅದರ ಡೀಸೆಲ್ ಎಂಜಿನ್ 1.5 ಲೀಟರ್. ಫೋರ್ ಬೈ ಫೋರಿನದ್ದು 2.2. ಇಷ್ಟನ್ನು ಕೂಡಿಸುವ ಖರ್ಚಿಗೆ ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರನ್ನೇ ಹುಡುಕುವುದು ಒಳ್ಳೆಯದು. ವಾರಂಟಿ ಹೋಗುತ್ತದೆ. ಆರ್‌ಸಿಯಲ್ಲಿ ಇರುವುದು ಒಂದು, ರಸ್ತೆಯಲ್ಲಿ ಓಡುವುದು ಇನ್ನೊಂದು ಆಗುತ್ತದೆ. ನಾಳೆ ಅಪಘಾತ ಆದರೆ ವಿಮೆಯವರು ಮೊದಲು ಹಿಡಿಯುವುದೇ ಅದನ್ನು.

ನಿಮ್ಮ ರಸ್ತೆಯಲ್ಲಿ ಮುರಕಲ್ಲಿನ ಹುಡಿ ಹಾಕಿ ಗಟ್ಟಿ ಮಾಡಿದ್ದರೆ, ಒಳ್ಳೆಯ ಆಲ್ ಟೆರೇನ್ ಟೈರ್ ಇರುವ ಟೂ ವೀಲ್ ಡ್ರೈವೇ ಸಾಕು. ಜೇಡಿಯಾಗಿದ್ದು, ಜುಲೈಯಲ್ಲಿ ಪಾಚಿ ಕಟ್ಟುತ್ತದೆ ಅಂತಾದರೆ ಫೋರ್ ಬೈ ಫೋರ್ ಬೇಕು. ಅದೂ ಏರುವುದಕ್ಕಿಂತ ಜಾಸ್ತಿ ಇಳಿಯುವುದಕ್ಕೆ. ಫೋರ್ ಬೈ ಫೋರಿನ ಲೋ ರೇಂಜಿನಲ್ಲಿ, ಅಂದರೆ ತುಂಬಾ ನಿಧಾನ ಓಡಿಸುವ ಗೇರ್ ಜೋಡಿಯಲ್ಲಿ, ಮೊದಲ ಗೇರ್ ಹಾಕಿದರೆ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ನೀವು ಬ್ರೇಕ್ ತುಳಿಯಬೇಕಾಗಿಲ್ಲ, ಚಕ್ರ ಲಾಕ್ ಆಗಿ ಜಾರುವುದಿಲ್ಲ. ಮಳೆಗಾಲದಲ್ಲಿ ತೋಟದವರ ಗಾಡಿ ಚರಂಡಿಗೆ ಬೀಳುವುದು ಹೆಚ್ಚಾಗಿ ಇಳಿಯುವಾಗ.

ಮಣಿಪಾಲ ಮೇಡಂ:
ಜಿಮ್ನಿಯಲ್ಲಿ ಬೇಸ್ ಝೀಟಾ ಅಥವಾ ಟಾಪ್ ಆಲ್ಫಾ? ಮಣಿಪಾಲ, ಉಡುಪಿ ಓಡಾಟ. ರಜೆಯಲ್ಲಿ ಆಗುಂಬೆ, ಕೊಲ್ಲೂರು ಕಡೆ.

ಗ್ಯಾರೇಜ್ ಮೇಸ್ತ್ರಿ:
ಝೀಟಾ. ಫೋರ್ ಬೈ ಫೋರ್, ಲೋ ರೇಂಜ್, ಆರು ಏರ್‌ಬ್ಯಾಗ್, ಇಎಸ್‌ಪಿ ಎರಡರಲ್ಲೂ ಒಂದೇ. ಎಂಜಿನ್ ಒಂದೇ. ಆಲ್ಫಾದಲ್ಲಿ ಜಾಸ್ತಿ ಸಿಗುವುದು ಅಲಾಯ್, ದೊಡ್ಡ ಸ್ಕ್ರೀನ್, ಎಲ್‌ಇಡಿ ಹೆಡ್‌ಲೈಟ್, ಕ್ರೂಸ್, ಆಟೋ ಎಸಿ. 2023ರಲ್ಲಿ ಬಂದಾಗ ಎರಡರ ಮ್ಯಾನುವಲ್ ಗಾಡಿಗಳ ನಡುವೆ 95 ಸಾವಿರ ವ್ಯತ್ಯಾಸ ಇತ್ತು. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದೊಳಗಿನ ಗಾಡಿಗೆ ಲೈಫ್‌ಟೈಮ್ ಟ್ಯಾಕ್ಸೇ 17%. ಅಂದರೆ ಆ 95 ಸಾವಿರದ ಮೇಲೆ ಇನ್ನೂ 16 ಸಾವಿರ ಟ್ಯಾಕ್ಸ್. ಹೊರಗೆ ಹಾಕಿಸುವ ಟೈರಿಗೆ ಲೈಫ್‌ಟೈಮ್ ಟ್ಯಾಕ್ಸ್ ಇಲ್ಲ ಅಲ್ವಾ. ಒಂದು ಮಾತು ಮಾತ್ರ. ರಾತ್ರಿ ಮಳೆಯಲ್ಲಿ ಘಾಟಿ ಇಳಿಯುವ ಅಭ್ಯಾಸ ಇದ್ದರೆ ಆಲ್ಫಾದ ಹೆಡ್‌ಲೈಟ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಸುರತ್ಕಲ್ ಬಾಯ್:
ಸರ್ ಬೇಸ್ ಒಳ್ಳೆಯದಾ ಟಾಪ್ ಒಳ್ಳೆಯದಾ?

ಗ್ಯಾರೇಜ್ ಮೇಸ್ತ್ರಿ:
ಯಾವ ಗಾಡಿ? ಎಲ್ಲಿ ಓಡಿಸುತ್ತೀರಿ?

ಕಡಬ 4ಎಕ್ಸ್4:
ಸರ್, ನನ್ನದು ಜಿಮ್ನಿ ಝೀಟಾ. ತಗೊಂಡ ಮೇಲೆ ಎರಡಿಂಚು ಲಿಫ್ಟ್, ಅಂದರೆ ಗಾಡಿ ಎತ್ತರ ಮಾಡುವ ಸ್ಪ್ರಿಂಗ್, ಹಾಕಿಸಿದೆ. 235/75 ಆರ್15 ಟೈರ್, ಸ್ಪೇಸರ್ ಕೂಡ ಹಾಕಿಸಿದೆ. ಈಗ ಮೂಲ್ಕಿ ಸೇತುವೆಯ ಜಾಯಿಂಟ್ ಮೇಲೆ 70ರಲ್ಲಿ ಹೋದರೆ ಸ್ಟಿಯರಿಂಗ್ ಎಡಕ್ಕೂ ಬಲಕ್ಕೂ ಜೋರಾಗಿ ಹೊಡೆದುಕೊಳ್ಳುತ್ತದೆ. ನಿಧಾನ ಮಾಡಿದರೆ ಮಾತ್ರ ನಿಲ್ಲುತ್ತದೆ. ಹಾಕಿದ ಅಂಗಡಿಯವರು ಗಟ್ಟಿ ಸ್ಟಿಯರಿಂಗ್ ಡ್ಯಾಂಪರ್ (ಸ್ಟಿಯರಿಂಗಿನ ಅಲುಗಾಟ ತಡೆಯುವ ಶಾಕ್) ಹಾಕಿದರೆ ಸರಿಯಾಗುತ್ತದೆ ಅನ್ನುತ್ತಾರೆ. ಹಾಕಿಸಲಾ?

ಪುತ್ತೂರು ಹಳೇ ಜೀಪ್:
ಬ್ಯಾಲೆನ್ಸಿಂಗ್ ಮಾಡಿಸಿ, ಸರಿಯಾಗುತ್ತದೆ.

ಗ್ಯಾರೇಜ್ ಮೇಸ್ತ್ರಿ:
ಕಡಬದವರೇ, ಇದನ್ನು ಪೂರ್ತಿ ಓದಿ. ಅಲ್ಲಿವರೆಗೆ ಗಾಡಿ ತೆಗೆಯಬೇಡಿ.

ಜಿಮ್ನಿಯ ಮುಂದೆ ಇರುವುದು ಗಟ್ಟಿ ಆಕ್ಸಲ್. ಎರಡೂ ಚಕ್ರ ಒಂದೇ ತೊಲೆಗೆ ಕೂತಿರುತ್ತವೆ. ಒಂದು ಚಕ್ರ ಅಲ್ಲಾಡಿದರೆ ಇನ್ನೊಂದೂ ಅಲ್ಲಾಡುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ಸ್ವಲ್ಪ ಓರೆಯಾಗಿರುತ್ತದೆ ನೋಡಿ, ಅದಕ್ಕೇ ಕೈ ಬಿಟ್ಟರೂ ಸೈಕಲ್ ನೇರ ಹೋಗುತ್ತದೆ. ಕಾರಿನಲ್ಲೂ ಆ ಓರೆ ಉಂಟು, ಅದಕ್ಕೆ ಕ್ಯಾಸ್ಟರ್ ಅನ್ನುತ್ತೇವೆ. ಸ್ಪ್ರಿಂಗ್ ಎತ್ತರ ಮಾಡಿದಾಗ ಆಕ್ಸಲ್ ತಿರುಗಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದು ಕಡಿಮೆಯಾಗುತ್ತದೆ. ಅದರ ಮೇಲೆ ನೀವು ಭಾರದ ಟೈರ್ ಹಾಕಿದ್ದೀರಿ. ಸ್ಪೇಸರ್ ಹಾಕಿ ಚಕ್ರವನ್ನು ಹೊರಕ್ಕೆ ತಳ್ಳಿದ್ದೀರಿ. ಬೇರಿಂಗ್ ಮೇಲೆ ಹೊರೆ ಜಾಸ್ತಿ ಆಯಿತು. ಈಗ ಎಲ್ಲೋ ಒಂದು ಕಡೆ ಸ್ವಲ್ಪ ಸಡಿಲ ಇದ್ದರೂ ಸಾಕು, ಸೇತುವೆಯ ಜಾಯಿಂಟ್ ಅದನ್ನು ಎಬ್ಬಿಸುತ್ತದೆ.

ಡ್ಯಾಂಪರ್ ಹಾಕಿದರೆ ಅಲುಗಾಟ ಅಡಗುತ್ತದೆ, ಸಡಿಲ ಹಾಗೇ ಉಳಿಯುತ್ತದೆ. ಒಂದು ದಿನ ಅದು ಡ್ಯಾಂಪರನ್ನೂ ಮೀರಿ ಬರುತ್ತದೆ. ಆಗ ಎದುರಿಗೆ ಬಸ್ ಇದ್ದರೆ?

ಈಗಲೇ ಒಂದು ಪರೀಕ್ಷೆ ಮಾಡಿ. ಗಾಡಿ ಸಮತಟ್ಟಾದ ನೆಲದಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆನ್ ಇರಲಿ, ಗೇರ್ ನ್ಯೂಟ್ರಲ್. ಮನೆಯವರು ಯಾರಾದರೂ ಸ್ಟಿಯರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಲಿ. ನೀವು ಮುಂದಿನಿಂದ ಬಗ್ಗಿ ಟಾರ್ಚ್ ಬಿಟ್ಟು ನೋಡಿ, ಕೈ ಒಳಗೆ ಹಾಕಬೇಡಿ. ಚಾಸಿಯಿಂದ ಆಕ್ಸಲಿಗೆ ಅಡ್ಡಲಾಗಿ ಒಂದು ಉದ್ದ ರಾಡ್ ಹೋಗುತ್ತದೆ, ಅದೇ ಪ್ಯಾನ್‌ಹಾರ್ಡ್ ರಾಡ್. ಅದರ ಎರಡು ತುದಿಯ ಬೋಲ್ಟ್ ನೋಡಿ. ಬೋಲ್ಟಿನ ತಲೆಯ ಸುತ್ತ ಪೇಂಟ್ ಉಜ್ಜಿ ಹೋಗಿ ಬೆಳ್ಳಗೆ ಹೊಳೆಯುತ್ತಿದೆಯಾ? ಕುಂಕುಮದಷ್ಟು ನುಣ್ಣಗಿನ ಕೆಂಪು ಪುಡಿ ಕೂತಿದೆಯಾ? ಸ್ಟಿಯರಿಂಗ್ ತಿರುಗಿಸಿದಾಗ ರಾಡಿಗಿಂತ ಮೊದಲು ಬೋಲ್ಟ್ ಕದಲುತ್ತದೆಯಾ? ಫೋಟೋ ಹಾಕಿ.

ಇನ್ನೊಂದು ವಿಷಯ, ಇದು ಲಿಫ್ಟ್ ಹಾಕಿಸಲು ಹೊರಟ ಎಲ್ಲರಿಗೂ. ಗಟ್ಟಿ ಆಕ್ಸಲಿನ ಗಾಡಿಯಲ್ಲಿ ಸ್ಪ್ರಿಂಗ್ ಎತ್ತರ ಮಾಡಿದರೆ ಬಾಡಿ ಮೇಲೆ ಹೋಗುತ್ತದೆ, ಡಿಫರೆನ್ಶಿಯಲ್ ಇದ್ದಲ್ಲೇ ಇರುತ್ತದೆ. ಕಲ್ಲಿಗೆ ಮೊದಲು ತಾಗುವುದು ಆ ಡಿಫರೆನ್ಶಿಯಲ್ಲೇ. ಅದನ್ನು ಎತ್ತುವುದು ಟೈರ್ ಮಾತ್ರ. ಕಂಪೆನಿಯ 195/80 ಆರ್15 ಟೈರ್ ತೆಗೆದು 235/75 ಹಾಕಿದರೆ ಎಷ್ಟು ಏರುತ್ತದೆ ಗೊತ್ತುಂಟಾ? 20 ಎಂಎಂ. ಕಿರುಬೆರಳಿನ ಅಗಲಕ್ಕಿಂತ ಸ್ವಲ್ಪ ಜಾಸ್ತಿ. ಅದಕ್ಕೆ ಬದಲಾಗಿ ಮೀಟರ್ ಸುಮಾರು 6% ಕಡಿಮೆ ವೇಗ ತೋರಿಸುತ್ತದೆ, 134 ನ್ಯೂಟನ್ ಮೀಟರ್ ಟಾರ್ಕಿನ ಸಣ್ಣ ಎಂಜಿನ್ ಚಾರ್ಮಾಡಿ ಹತ್ತುವಾಗ ಏದುಸಿರು ಬಿಡುತ್ತದೆ. 215/75 ಹಾಕಿಸಿ ಕಂಪೆನಿಯ ಎತ್ತರದಲ್ಲೇ ಓಡಿಸಿದ್ದರೆ ನಿಮ್ಮ ಊರಿನ ಯಾವ ರಸ್ತೆಗೂ ಸಾಕಾಗುತ್ತಿತ್ತು.

ಕಾಪು ಬೀಚ್:
ಮೇಸ್ತ್ರಿಯವರೇ, ಸಮುದ್ರದ ಹತ್ತಿರ ಮನೆ. ತುಕ್ಕಿಗೆ ಒಂದು ಒಳ್ಳೆಯ ಉಪಾಯ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ: "ಟಾಪ್ ಎಂಡ್ ಬೇಡ, ಕೋಟಿಂಗ್ ಬೇಡ! ಹಳೇ ಎಂಜಿನ್ ಆಯಿಲಿಗೆ ಗೇರುಬೀಜದ ಎಣ್ಣೆ ಬೆರೆಸಿ ಗಾಡಿಯ ಅಡಿಗೆ ಸ್ಪ್ರೇ ಮಾಡಿ. 10 ವರ್ಷ ತುಕ್ಕು ಹಿಡಿಯುವುದಿಲ್ಲ. ಇದನ್ನು ಗ್ಯಾರೇಜಿನವರು ನಿಮಗೆ ಹೇಳುವುದಿಲ್ಲ!"

ಗ್ಯಾರೇಜ್ ಮೇಸ್ತ್ರಿ:
ಇದು ಪ್ರತಿ ಮಳೆಗಾಲಕ್ಕೂ ಬರುತ್ತದೆ. ಮಾಡಬೇಡಿ. ಗೇರುಬೀಜದ ಎಣ್ಣೆ ದೋಣಿಗೆ, ಮರದ ಪಕ್ಕಾಸಿಗೆ ಸರಿ. ಗಾಡಿಯ ಅಡಿಯಲ್ಲಿ ಬಿಸಿ ಸೈಲೆನ್ಸರ್ ಉಂಟು. ಹಳೇ ಆಯಿಲ್ ರಬ್ಬರ್ ಬುಷ್ ಹಾಳು ಮಾಡುತ್ತದೆ, ಬ್ರೇಕ್ ಡಿಸ್ಕಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ತೊಟ್ಟಿಕ್ಕಿದ್ದು ನಿಮ್ಮ ಬಾವಿಯ ನೀರಿಗೇ ಸೇರುತ್ತದೆ. ಗ್ಯಾರೇಜಿನವರು ಹೇಳುವುದಿಲ್ಲ ಅಂದರೆ ಯಾಕೆ ಹೇಳುವುದಿಲ್ಲ ಅಂತ ಒಮ್ಮೆ ಕೇಳಿ ನೋಡಿ. ತುಕ್ಕಿಗೆ ಇರುವುದು ಎರಡೇ ದಾರಿ: ಸಿಹಿನೀರಲ್ಲಿ ಅಡಿ ತೊಳೆದು ಒಣಗಿಸುವುದು, ಮೇಣದ ಕೋಟಿಂಗ್ ಮಾಡಿಸಿ ಮಳೆಗಾಲಕ್ಕೆ ಮೊದಲು ಪರೀಕ್ಷಿಸುವುದು. ಬೇಸಿಗೂ ಟಾಪಿಗೂ ಇದೇ.

ಕಾಪು ಬೀಚ್:
ನಮ್ಮ ಮಾವನವರು ಮಾಡಿದ್ದಾರೆ, ಏನೂ ಆಗಿಲ್ಲ.

ಗ್ಯಾರೇಜ್ ಮೇಸ್ತ್ರಿ:
ಆಯಿತು. ನನ್ನ ಉತ್ತರ ಅದೇ.

ಉಡುಪಿ ರೈಡರ್:
ಬೇಸ್ ಮಾಡೆಲಿನ ಹೆಡ್‌ಲೈಟ್ ಸಾಲುವುದಿಲ್ಲ. ಮೇಲೆ ಲೈಟ್ ಬಾರ್ ಹಾಕಿಸಿದ್ದೇನೆ. ಟಾಪ್ ಎಂಡಿನವರು ಬಂದು ನೋಡಲಿ ಬೆಳಕು ಅಂದರೆ ಏನು ಅಂತ.

ಪಡುಬಿದ್ರಿ ಡ್ರೈವರ್:
ಹೆದ್ದಾರಿಯಲ್ಲಿ ಎದುರಿಂದ ಬರುವ ನಮಗೆ ಕಣ್ಣು ಕಾಣುವುದಿಲ್ಲ ಮಾರಾಯ್ರೆ. ನಾನು ರಾತ್ರಿ ಪಾಳಿಯ ಆಂಬ್ಯುಲೆನ್ಸ್ ಓಡಿಸುವವನು. ನಿಮ್ಮಂಥವರಿಂದಾಗಿ ಮೊನ್ನೆ ಡಿವೈಡರಿಗೆ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು.

ಉಡುಪಿ ರೈಡರ್:
ನಾನು ಹೆದ್ದಾರಿಯಲ್ಲಿ ಹಾಕುವುದಿಲ್ಲ. ಸುಮ್ನೆ ಎಲ್ಲರನ್ನೂ ಸೇರಿಸಿ ಹೇಳಬೇಡಿ.

ಪಡುಬಿದ್ರಿ ಡ್ರೈವರ್:
ಹಾಕುವವರೆಲ್ಲ ಹೀಗೇ ಹೇಳುತ್ತಾರೆ.

ಪುತ್ತೂರು ಹಳೇ ಜೀಪ್:
ಈ ಬೇಸ್, ಟಾಪ್, ಲೈಟ್ ಬಾರ್ ಎಲ್ಲ ಶೋಕಿ. ಕೊಡಚಾದ್ರಿಗೆ ಹಳೇ ಜೀಪುಗಳು ದಿನಾ ಹತ್ತಿ ಇಳಿಯುತ್ತವೆ. ಅದರಲ್ಲಿ ಯಾವ ಸ್ಕ್ರೀನ್ ಉಂಟು? ಯಾವ ಏರ್‌ಬ್ಯಾಗ್ ಉಂಟು?

ಮಣಿಪಾಲ ಮೇಡಂ:
ಏರ್‌ಬ್ಯಾಗ್ ಶೋಕಿ ಅಲ್ಲ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಎದೆಗೆ ಸ್ಟಿಯರಿಂಗ್ ಹೊಡೆದು ಬಂದವರನ್ನು ನೋಡಿದ್ದೇನೆ.

ಪುತ್ತೂರು ಹಳೇ ಜೀಪ್:
ನೀವು ಪೇಟೆಯವರು ಮಾತಾಡುವುದೇ ಹಾಗೆ. ನಿಧಾನ ಓಡಿಸಿದರೆ ಯಾವುದೂ ಬೇಡ.

ಉಡುಪಿ ರೈಡರ್:
ಅಜ್ಜನ ಕಾಲದ ಕಥೆ ಬಿಡಿ.

ಗ್ಯಾರೇಜ್ ಮೇಸ್ತ್ರಿ:
ಕೊಡಚಾದ್ರಿ ಹತ್ತುವ ಆ ಜೀಪುಗಳು ಫೋರ್ ಬೈ ಫೋರ್. ಅದನ್ನು ಓಡಿಸುವವರಿಗೆ ಆ ದಾರಿಯ ಒಂದೊಂದು ಕಲ್ಲೂ ಗೊತ್ತು. ಅವರನ್ನು ನೋಡಿ ಏರ್‌ಬ್ಯಾಗ್ ಬೇಡ ಅನ್ನಬೇಡಿ. ಲೈಟ್ ಬಾರ್ ವಿಷಯದಲ್ಲಿ ಪಡುಬಿದ್ರಿಯವರು ಹೇಳಿದ್ದು ಸರಿ. 2024ರ ಜುಲೈಯಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಮೇಲೆ ಕೇಸ್ ಹಾಕುತ್ತಿದ್ದಾರೆ. ಅದಕ್ಕಿಂತ ದೊಡ್ಡ ವಿಷಯ ವಯರಿಂಗ್. ಲೈಟಿನ ವಯರನ್ನು ಫ್ಯೂಸ್, ರಿಲೇ ಇಲ್ಲದೆ ನೇರ ಬ್ಯಾಟರಿಗೆ ಕೊಟ್ಟರೆ ಬಾನೆಟ್ ಒಳಗೆ ಬೆಂಕಿ. ಉಡುಪಿಯವರೇ, ಇವತ್ತೇ ಬಾನೆಟ್ ತೆಗೆದು ಬ್ಯಾಟರಿ ಹತ್ತಿರ ಫ್ಯೂಸ್ ಉಂಟಾ ನೋಡಿ.

ಕುಂದಾಪುರ ಸೇನಾನಿ:
ಥಾರ್ ರಾಕ್ಸ್ ಬೇಸ್ ತಗೊಂಡು ಆಮೇಲೆ ಫೋರ್ ಬೈ ಫೋರ್ ಮಾಡಬಹುದಾ?

ಗ್ಯಾರೇಜ್ ಮೇಸ್ತ್ರಿ:
ಮೇಲೆ ಬೆಳ್ತಂಗಡಿಯವರಿಗೆ ಹೇಳಿದ್ದೇ. ರಾಕ್ಸಿನ ಬೇಸಿನಲ್ಲಿ ಫೋರ್ ಬೈ ಫೋರ್ ಇಲ್ಲ. ಬೇಕಿದ್ದರೆ ಡೀಸೆಲಿನ ಮೇಲಿನ ಮಾಡೆಲಿಗೇ ಹೋಗಬೇಕು.

ಸುರತ್ಕಲ್ ಬಾಯ್:
ಸರ್, ಥಾರ್. ಬೇಸ್ ಒಳ್ಳೆಯದಾ ಟಾಪಾ? ಆಟೋಮ್ಯಾಟಿಕ್ ತಗೊಳ್ಳಲಾ? ರೀಸೇಲ್ ಯಾವುದಕ್ಕೆ ಜಾಸ್ತಿ?

ಬೆಳ್ತಂಗಡಿ ತೋಟ:
ಲಿಫ್ಟ್, ದೊಡ್ಡ ಟೈರ್ ಹಾಕಿದರೆ ಆರ್‌ಟಿಒ ಹಿಡಿಯುತ್ತಾರಾ?

ಗ್ಯಾರೇಜ್ ಮೇಸ್ತ್ರಿ:
ಹಿಡಿಯಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಡಿ. ಕಂಪೆನಿ ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಬದಲಾಯಿಸಬಾರದು. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. ಮುಂದೆ ಕಬ್ಬಿಣದ ಗಾರ್ಡ್ ಹಾಕುವುದನ್ನು ಕೇಂದ್ರದವರು 2017ರ ಡಿಸೆಂಬರಿನಲ್ಲೇ ಬೇಡ ಅಂದಿದ್ದಾರೆ. ಏರ್‌ಬ್ಯಾಗಿನ ಸೆನ್ಸರ್ ಸರಿಯಾದ ಹೊತ್ತಿಗೆ ಹೊಡೆತ ಗುರುತಿಸದೆ ಹೋಗಬಹುದು.

ಕಾಪು ಬೀಚ್:
ಇನ್ನೊಂದು ಬಂದಿದೆ: "ನೆರೆನೀರಿನಲ್ಲಿ ಗಾಡಿ ನಿಂತರೆ ಹೆದರಬೇಡಿ. ಫಸ್ಟ್ ಗೇರ್ ಹಾಕಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಿ, ನೀರು ಹೊರಗೆ ಹೋಗುತ್ತದೆ."

ಗ್ಯಾರೇಜ್ ಮೇಸ್ತ್ರಿ:
ಇದನ್ನು ಕಳಿಸಿದವರಿಗೆ ಒಂದು ಎಂಜಿನಿನ ಬೆಲೆ ಗೊತ್ತಿಲ್ಲ. ನೀರಿನಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಲೇಬಾರದು. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಅದು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇಗ್ನಿಷನ್ ಆಫ್ ಮಾಡಿ, ತಳ್ಳಿ ಹೊರಗೆ ತನ್ನಿ, ಕರೆ ಮಾಡಿ. ದಯವಿಟ್ಟು ಇಲ್ಲಿ ಇನ್ನು ಫಾರ್ವರ್ಡ್ ಹಾಕಬೇಡಿ. ಇದನ್ನು ಓದಿ ಯಾರಾದರೂ ನಿಜವಾಗಿ ಹಾಗೆ ಮಾಡುತ್ತಾರೆ.

ಕಾಪು ಬೀಚ್:
ಒಳ್ಳೆಯದಕ್ಕೆ ಹಾಕಿದ್ದು. ಇಷ್ಟು ಕೋಪ ಯಾಕೆ?

ಪಡುಬಿದ್ರಿ ಡ್ರೈವರ್:
ಒಳ್ಳೆಯದಾದರೆ ಮೊದಲು ನಿಮ್ಮ ಗಾಡಿಯಲ್ಲಿ ಮಾಡಿ ನೋಡಿ.

ಪುತ್ತೂರು ಹಳೇ ಜೀಪ್:
ನಾನು ಕೇಳಿದ್ದಕ್ಕೆ ಆ ಮೇಡಂ ಇನ್ನೂ ಉತ್ತರ ಕೊಟ್ಟಿಲ್ಲ.

ಮಣಿಪಾಲ ಮೇಡಂ:
ನೀವು ಕೇಳಿದ್ದು ಪ್ರಶ್ನೆಯೇ ಅಲ್ಲ.

ಸುರತ್ಕಲ್ ಬಾಯ್:
ಸರ್ ನನ್ನ ಪ್ರಶ್ನೆ?

ಮಂಗಳೂರು ಎಕ್ಸ್‌ಪ್ಲೋರರ್:
ಗೂರ್ಖಾಕ್ಕೆ ಸ್ನಾರ್ಕೆಲ್ (ಎಂಜಿನ್ನಿಗೆ ಮೇಲಿನಿಂದ ಗಾಳಿ ತರುವ ಕೊಳವೆ), ಡಿಫರೆನ್ಶಿಯಲ್ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗಿಸುವ ಲಾಕ್) ಹೊರಗೆ ಹಾಕಿಸಲು ಎಷ್ಟಾಗುತ್ತದೆ?

ಗ್ಯಾರೇಜ್ ಮೇಸ್ತ್ರಿ:
ಏನೂ ಆಗುವುದಿಲ್ಲ. ಗೂರ್ಖಾಕ್ಕೆ ಎರಡೂ ಕಂಪೆನಿಯಿಂದಲೇ ಬರುತ್ತದೆ, ಲಾಕರ್ ಮುಂದೆಯೂ ಉಂಟು ಹಿಂದೆಯೂ ಉಂಟು. ಬುಕ್ ಮಾಡುವ ಮೊದಲು ಬ್ರೋಷರ್ ಓದಿ.

ಕಡಬ 4ಎಕ್ಸ್4:
ಸರ್, ನೋಡಿದೆ. ಫೋಟೋ ಹಾಕಿದ್ದೇನೆ. ಆಕ್ಸಲ್ ಕಡೆಯ ಬೋಲ್ಟಿನ ಸುತ್ತ ಕೆಂಪು ಪುಡಿ ಉಂಟು. ಸ್ಟಿಯರಿಂಗ್ ತಿರುಗಿಸಿದಾಗ ಟಕ್ ಟಕ್ ಅನ್ನುತ್ತದೆ, ಬೋಲ್ಟ್ ಸ್ವಲ್ಪ ಜರುಗುತ್ತದೆ. ನಾಳೆ ನಿಧಾನಕ್ಕೆ, ಒಳರಸ್ತೆಯಲ್ಲಿ 40ರಲ್ಲಿ ನಿಮ್ಮಲ್ಲಿಗೆ ತರಲಾ?

ಉಡುಪಿ ರೈಡರ್:
40ರಲ್ಲಿ ಏನೂ ಆಗುವುದಿಲ್ಲ, ತನ್ನಿ.

ಗ್ಯಾರೇಜ್ ಮೇಸ್ತ್ರಿ:
ಉಡುಪಿಯವರೇ, ಗಾಡಿ ನಿಮ್ಮದಲ್ಲ, ದಯವಿಟ್ಟು ಸುಮ್ಮನಿರಿ.

ಕಡಬದವರೇ, ಓಡಿಸಿಕೊಂಡು ಬರಬೇಡಿ. ಫೋಟೋದಲ್ಲಿ ಬ್ರಾಕೆಟಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ ಹಾಗೆ ಕಾಣುತ್ತದೆ. ಬೋಲ್ಟ್ ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಆ ಬೋಲ್ಟ್ ತುಂಡಾದರೆ ಆಕ್ಸಲನ್ನು ಅಡ್ಡಕ್ಕೆ ಹಿಡಿಯುವುದು ಏನೂ ಇಲ್ಲ, 40 ಆದರೂ ಅಷ್ಟೇ. ನಿಮ್ಮ ವಿಮೆಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಉಂಟಾ ನೋಡಿ, ಫ್ಲಾಟ್‌ಬೆಡ್ ಬರುತ್ತದೆ. ಚಕ್ರ ಎತ್ತಿ ಎಳೆಯುವವರು ಬಂದರೆ ವಾಪಸ್ ಕಳಿಸಿ. ಕಂಪೆನಿಯ ಹಳೇ ಸ್ಪ್ರಿಂಗ್, ಶಾಕ್, ಟೈರ್ ಮನೆಯಲ್ಲಿದ್ದರೆ ಅದನ್ನೂ ಗಾಡಿಯೊಳಗೆ ಹಾಕಿ. ಮೊದಲು ಸ್ಪೇಸರ್ ತೆಗೆದು ವೀಲ್ ಬೇರಿಂಗ್, ಚಕ್ರ ಎಡ ಬಲ ತಿರುಗುವ ಕಿಂಗ್‌ಪಿನ್ ನೋಡಬೇಕು. ಬ್ರೇಕ್ ಹೋಸ್ ಎಳೆದುಕೊಂಡಿದೆಯಾ ಅದೂ ನೋಡಬೇಕು. ಲಿಫ್ಟ್ ಉಳಿಸಿಕೊಳ್ಳುವುದಾದರೆ ಕ್ಯಾಸ್ಟರ್ ಸರಿ ಮಾಡುವ ಬುಷ್, ಉದ್ದ ಹೊಂದಿಸುವ ಪ್ಯಾನ್‌ಹಾರ್ಡ್ ರಾಡ್ ಬೇಕು. ಅದರ ಖರ್ಚು ಹೇಳಿದ ಮೇಲೆ ನೀವೇ ತೀರ್ಮಾನ ಮಾಡಿ. ನನ್ನನ್ನು ಕೇಳಿದರೆ ಹಳೇ ಸ್ಪ್ರಿಂಗೇ ವಾಪಸ್ ಹಾಕುತ್ತೇನೆ.

ನಾನು ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆಯುತ್ತೇನೆ. ಗಾಡಿ ಲೋಡ್ ಆದ ಕೂಡಲೇ ಫೋನ್ ಮಾಡಿ, ಗಾಡಿ ಎತ್ತಿ ಕೆಲಸ ಮಾಡುವ ಜಾಗ ಖಾಲಿ ಇಟ್ಟಿರುತ್ತೇನೆ.

ಕಡಬ 4ಎಕ್ಸ್4:
ಆಯಿತು ಸರ್. ಫ್ಲಾಟ್‌ಬೆಡ್ಡಿಗೆ ಹೇಳಿದ್ದೇನೆ. ಹಳೇ ಸ್ಪ್ರಿಂಗ್ ಉಂಟು, ಟೈರ್ ಮಾರಿ ಆಗಿದೆ.

ಗ್ಯಾರೇಜ್ ಮೇಸ್ತ್ರಿ:
ಸ್ಪ್ರಿಂಗ್ ತನ್ನಿ. ಟೈರ್ ನೋಡೋಣ.