ರೋಗಿಗಳ ಕುಟುಂಬಗಳ ಬಗ್ಗೆ ಸಂಶೋಧನೆ ಮಾಡುವ ಹೊಸಬರಿಗೆ ಒಂದು ಬಳಗ ಕಟ್ಟುವುದು ಹೇಗೆ?

ಪ್ರಶ್ನೆ: ಪಿಎಚ್.ಡಿ. ವಿದ್ಯಾರ್ಥಿನಿ, ಸಮಾಜಕಾರ್ಯ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಪಾರ್ಶ್ವವಾಯುವಿಗೆ ತುತ್ತಾದವರು ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ಅವರ ಆರೈಕೆಯನ್ನು ಮನೆಯವರು ತಮ್ಮತಮ್ಮಲ್ಲಿ ಹೇಗೆ ಹಂಚಿಕೊಳ್ಳುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ನಮ್ಮ ವಿಭಾಗದಲ್ಲಿ ಆಸ್ಪತ್ರೆಗೆ ಹೋಗಿ ಅಧ್ಯಯನ ಮಾಡುವವರು ಬೇರೆ ಯಾರೂ ಇಲ್ಲ. ವೈದ್ಯಕೀಯ ಕಾಲೇಜಿನವರು ಸಹಕರಿಸುತ್ತಾರಾದರೂ ಇಡೀ ಕುಟುಂಬವನ್ನು ಕೂಡಿಸಿಕೊಂಡು ಮಾತನಾಡಿಸುವ ವಿಧಾನ ಅವರಿಗೆ ಹೊಸದು.

ನನ್ನನ್ನು ಕಾಡುತ್ತಿರುವ ತೊಡಕು ಇದು. ವಾರ್ಡಿನಲ್ಲಿ ಸಿಸ್ಟರ್ "ಪೇಷೆಂಟ್ ಕಡೆಯವರು ಯಾರ್ರೀ?" ಎಂದು ಕೂಗಿದಾಗ ಮುಂದೆ ಬಂದು ಸಹಿ ಹಾಕುವವನು ಮಗ, ರಾತ್ರಿ ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗಿ, ಎರಡು ಗಂಟೆಗೊಮ್ಮೆ ಎದ್ದು ಮಾವನ ಮಗ್ಗುಲು ಬದಲಿಸುವವಳು ಸೊಸೆ, ಔಷಧಿಗೆಂದು ಸಾಲ ತಂದವನು ಊರಿನಲ್ಲಿರುವ ತಮ್ಮ. ನನ್ನ ನಮೂನೆಯಲ್ಲಾದರೋ 'ಮುಖ್ಯ ಆರೈಕೆದಾರರು' ಎಂದು ಒಬ್ಬರ ಹೆಸರಿಗಷ್ಟೇ ಜಾಗವಿದೆ. ಇಂಥ ಪ್ರಶ್ನೆಗಳನ್ನು ಚರ್ಚಿಸಲು ನರ್ಸಿಂಗ್, ಮನಃಶಾಸ್ತ್ರ, ಸಮಾಜಶಾಸ್ತ್ರ, ಸಮಾಜಕಾರ್ಯಗಳಲ್ಲಿ ನನ್ನಂತೆಯೇ ಈಗಷ್ಟೇ ಸಂಶೋಧನೆಗೆ ತೊಡಗಿರುವವರ ಬಳಗವೊಂದು ಕರ್ನಾಟಕದಲ್ಲಿ ಬೇಕೆನಿಸುತ್ತದೆ. ಅದನ್ನು ಎಲ್ಲಿಂದ ಆರಂಭಿಸಬೇಕು? ಸಂಘವೆಂದು ನೋಂದಾಯಿಸಬೇಕೇ, ಸಮ್ಮೇಳನ ನಡೆಸಬೇಕೇ?

ಉತ್ತರ 1: ನರ್ಸಿಂಗ್ ಕಾಲೇಜಿನ ಉಪನ್ಯಾಸಕಿ, ಮಂಗಳೂರು

ಎರಡೂ ಸದ್ಯಕ್ಕೆ ಬೇಡ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಆದರೆ ಆಮೇಲೆ ವರ್ಷವರ್ಷವೂ ಲೆಕ್ಕಪತ್ರ, ಸರ್ವಸದಸ್ಯರ ಸಭೆ ಎಂದು ಪ್ರಬಂಧ ಬರೆಯುವ ಸಮಯವೆಲ್ಲ ಅದಕ್ಕೇ ಹೋಗುತ್ತದೆ. ಎಲ್ಲರಿಗೂ ಬೇಕಾದ ಕೆಲಸವೊಂದನ್ನು ಮುಂದಿಟ್ಟುಕೊಂಡರೆ ಬಳಗ ತಾನಾಗಿ ಕೂಡಿಕೊಳ್ಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಥ ಕೆಲಸವೊಂದು ಕಣ್ಣೆದುರಿಗೇ ಇದೆ. ಆರೈಕೆಯ ಹೊರೆಯನ್ನು ಅಳೆಯಲು ನಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಆರಿಸಿಕೊಳ್ಳುವುದು 22 ಪ್ರಶ್ನೆಗಳ ಜರಿಟ್ ಮಾಪನವನ್ನು. ಪ್ರತಿಯೊಬ್ಬರೂ ಅದನ್ನು ಹೊಸದಾಗಿ ಕನ್ನಡಕ್ಕೆ ತಂದು, ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ, ಪರಿಣತರಿಂದ ಒಪ್ಪಿಗೆ ಪಡೆಯುತ್ತಾರೆ. ಪ್ರಬಂಧ ಮುಗಿದ ಮೇಲೆ ಆ ಕನ್ನಡ ಪಠ್ಯ ಗ್ರಂಥಾಲಯದ ಕಪಾಟು ಸೇರುತ್ತದೆ. ಮರುವರ್ಷ ಇನ್ನೊಂದು ಕಾಲೇಜಿನಲ್ಲಿ ಅದೇ ಶ್ರಮ ಮೊದಲಿನಿಂದ ಶುರುವಾಗುತ್ತದೆ. ಮಾಪನದ ಹಕ್ಕುದಾರರ ಅನುಮತಿ ಪಡೆದು, ಯಾವ ಜಿಲ್ಲೆಯಲ್ಲಿ ಯಾವ ಪ್ರಶ್ನೆ ಜನರಿಗೆ ಅರ್ಥವಾಗಲಿಲ್ಲ ಎಂಬ ಟಿಪ್ಪಣಿಯ ಸಮೇತ ಈ ಅನುವಾದಗಳನ್ನು ಒಂದೆಡೆ ಇಡಿ. ನಮ್ಮಲ್ಲಿ ತುಳು, ಬ್ಯಾರಿ ಮಾತನಾಡುವ ಮನೆಗಳಿವೆ, ನಿಮ್ಮಲ್ಲಿ ದಖನಿ ಮಾತನಾಡುವ ಮನೆಗಳಿವೆ. ಒಂದೇ ಕನ್ನಡ ಪಠ್ಯ ಎಲ್ಲ ಕಡೆಗೂ ಸಾಲದು.

ಇನ್ನು ನಿಮ್ಮ ನಮೂನೆಯ ವಿಚಾರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಅವರು ರೂಪಿಸಿ 1981ರಲ್ಲಿ ಪ್ರಕಟಿಸಿದ ಕುಟುಂಬದ ಹೊರೆಯ ಸಂದರ್ಶನ ಪಟ್ಟಿಯನ್ನು ದಯವಿಟ್ಟು ನೋಡಿ. ಅದು ಖರ್ಚುವೆಚ್ಚ, ಮನೆಯ ದಿನಚರಿ, ಬಿಡುವು, ಮನೆಯವರ ನಡುವಿನ ಸಂಬಂಧ, ಉಳಿದವರ ದೈಹಿಕ ಆರೋಗ್ಯ, ಅವರ ಮಾನಸಿಕ ಆರೋಗ್ಯ ಇವುಗಳನ್ನೆಲ್ಲ ಬೇರೆಬೇರೆಯಾಗಿ ವಿಚಾರಿಸುತ್ತದೆ. ಮನೋರೋಗಿಗಳ ಕುಟುಂಬಗಳಿಗಾಗಿ ಸಿದ್ಧವಾದದ್ದು ನಿಜ. ಆದರೂ ಸಾಲ ತಂದ ತಮ್ಮನಿಗೂ ನಿದ್ದೆಗೆಟ್ಟ ಸೊಸೆಗೂ ಅದರಲ್ಲಿ ಜಾಗವಿದೆ.

ಉತ್ತರ 2: ಮನೋವೈದ್ಯಕೀಯ ಸಮಾಜಕಾರ್ಯಕರ್ತ, ಧಾರವಾಡ

ಮೇಡಂ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಎರಡು ಮಾತು ಸೇರಿಸುತ್ತೇನೆ.

ನಮ್ಮ ದೇಶದಲ್ಲಿ ಕುಟುಂಬವನ್ನು ಚಿಕಿತ್ಸೆಯ ಒಳಗೆ ತಂದ ಪರಂಪರೆ ಹಳೆಯದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡು ಚಿಕಿತ್ಸೆ ನೀಡಿದರು. ಹೊಸ ಸಂಶೋಧಕರು ಬಹುಮಟ್ಟಿಗೆ ಹೊರದೇಶದ ಮಾದರಿಗಳಿಂದಲೇ ತಮ್ಮ ಓದನ್ನು ಆರಂಭಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನಿಮ್ಮ ಬಳಗದ ಮೊದಲ ಓದು ಅಮೃತಸರದ್ದಾಗಲಿ, ನಿಮ್ಹಾನ್ಸ್‌ನದ್ದಾಗಲಿ.

ಎರಡನೆಯದು ಗೋಪ್ಯತೆ. ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡ ಕೂಡಲೇ "ಇವತ್ತು ಒಂದು ಕೇಸ್ ನೋಡಿದೆ" ಎಂದು ಬರೆಯುವ ಆಸೆ ಹುಟ್ಟುತ್ತದೆ. ಹೆಸರನ್ನು ತೆಗೆದರೆ ಸಾಕೆಂದು ತಿಳಿಯಬೇಡಿ. ತಾಲ್ಲೂಕು, ಕಾಯಿಲೆ, ಮನೆಯಲ್ಲಿರುವ ಮಕ್ಕಳ ಸಂಖ್ಯೆ ಇಷ್ಟು ಹೇಳಿದರೆ ಆ ಭಾಗದವರಿಗೆ ಅದು ಯಾರ ಮನೆಯೆಂದು ಗೊತ್ತಾಗಿಬಿಡುತ್ತದೆ. ಗುಂಪಿನಲ್ಲಿ ಸಭೆಯ ದಿನ, ಸಮಯ, ಓದಬೇಕಾದ ಲೇಖನ ಇವಷ್ಟೇ ಇರಲಿ; ಕುಟುಂಬಗಳ ವಿಷಯ ಮುಖಾಮುಖಿ ಸಭೆಗೆ ಮೀಸಲಾಗಿರಲಿ. ಆ ಸಭೆಗಳ ಅಗತ್ಯ ಇನ್ನೊಂದು ಕಾರಣಕ್ಕೂ ಇದೆ: ಸಾವಿನ ಹೊಸ್ತಿಲಲ್ಲಿರುವವರ ಮನೆಯಲ್ಲಿ ಮೂರು ತಾಸು ಕುಳಿತು ಕೇಳಿಸಿಕೊಂಡು ಬಂದ ಹುಡುಗ ಹುಡುಗಿಯರಿಗೆ ತಮ್ಮ ಮನಸ್ಸಿನ ಭಾರ ಇಳಿಸಲು ಒಂದು ಜಾಗ ಬೇಕಲ್ಲವೇ? ಮಾರ್ಗದರ್ಶಕರ ಮುಂದೆ ಅದನ್ನು ಹೇಳಿಕೊಳ್ಳಲು ಅನೇಕರು ಅಂಜುತ್ತಾರೆ.

ಉತ್ತರ 3: ಪೋಸ್ಟ್-ಡಾಕ್ಟರಲ್ ಸಂಶೋಧಕಿ, ಮೂಲತಃ ಶಿವಮೊಗ್ಗ, ಈಗ ಕೆನಡಾ

ಧಾರವಾಡದ ಸರ್ ಹೇಳಿದ ಪರಂಪರೆಯ ಮಾತು ನನ್ನ ಮನಸ್ಸಿಗೂ ಹತ್ತಿರವಾದದ್ದು. ಆದರೂ ಹೊರಗಿನ ಬಳಗಗಳಿಂದ ಕಲಿಯುವುದಿದೆ. ರೋಗಿಯ ಜೊತೆಗೆ ಇಡೀ ಕುಟುಂಬವನ್ನೂ ಗಮನಕ್ಕೆ ತೆಗೆದುಕೊಳ್ಳುವ ಕುಟುಂಬ ನರ್ಸಿಂಗ್ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1988ರಲ್ಲಿ ಇಲ್ಲಿನ ಕ್ಯಾಲ್ಗರಿಯಲ್ಲಿ ನಡೆಯಿತು. ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ ಆಮೇಲೆ ಬಂದದ್ದು. ಎಂದರೆ, ಜನ ಮೊದಲು ಕೂಡಿದರು, ಸಂಸ್ಥೆ ಹಿಂದಿನಿಂದ ಬಂತು.

ನನಗೆ ಅತ್ಯಂತ ನೆರವಾದದ್ದು ಐದಾರು ಜನರ ಚಿಕ್ಕ ಓದುಕೂಟ. ಒಬ್ಬರು ಗುರುತು ಅಳಿಸಿದ ಸಂದರ್ಶನದ ಕೆಲವು ಪುಟಗಳನ್ನು ತರುತ್ತಾರೆ, ಉಳಿದವರು ಅದನ್ನು ಓದಿ, "ಇಲ್ಲಿ ಮಗಳು ಯಾಕೆ ಸುಮ್ಮನಾದಳು? ಆ ಹೊತ್ತಿಗೆ ಕೋಣೆಗೆ ಯಾರು ಬಂದರು?" ಎಂದು ಕೇಳುತ್ತಾರೆ. ಒಬ್ಬರೇ ಓದುವಾಗ ಮಾತಷ್ಟೇ ಕಾಣುತ್ತದೆ, ಕೂಡಿ ಓದುವಾಗ ಮನೆಯೊಳಗಿನ ಯಜಮಾನಿಕೆಯೂ ಕಾಣುತ್ತದೆ. ಹೀಗೆ ಹಂಚಿಕೊಳ್ಳುವುದನ್ನು ಒಪ್ಪಿಗೆ ಪತ್ರದಲ್ಲೂ ಸಂಶೋಧನೆಗೆ ಅನುಮತಿ ನೀಡುವ ನೈತಿಕ ಸಮಿತಿಗೆ ಕೊಡುವ ಅರ್ಜಿಯಲ್ಲೂ ಮೊದಲೇ ಬರೆದಿರಬೇಕು.

ಲೇಖಕರ ಹೆಸರಿನ ವಿಷಯವನ್ನೂ ಕೆಲಸಕ್ಕೆ ಮುಂಚೆಯೇ ಬರೆದಿಟ್ಟುಕೊಳ್ಳಿ. ಮಾಹಿತಿ ಕಲೆಹಾಕಿದ ಜಿಲ್ಲಾ ಆಸ್ಪತ್ರೆಯ ನರ್ಸ್‌ಗೆ ಕೊನೆಯಲ್ಲಿ ಕೃತಜ್ಞತೆಯ ಒಂದು ಸಾಲು ಮಾತ್ರ ಸಿಗುವುದು ಅನ್ಯಾಯ. ಬರವಣಿಗೆಯಲ್ಲೂ ವಿಶ್ಲೇಷಣೆಯಲ್ಲೂ ಅವರಿಗೆ ಪಾಲು ಕೊಟ್ಟು, ಲೇಖಕರಾಗುವ ಅರ್ಹತೆ ಅವರಿಗೆ ಒದಗುವಂತೆ ಮಾಡಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹಾಗಾದರೆ ಓದುಕೂಟದಿಂದಲೇ ಆರಂಭಿಸುತ್ತೇನೆ. ಒಂದು ಅನುಮಾನ ಉಳಿದಿದೆ: ಒಂದೇ ಮನೆಯ ಮೂವರನ್ನು ಮಾತನಾಡಿಸುವುದಾದರೆ ಮನೆಯ ಹಿರಿಯರ ಒಪ್ಪಿಗೆ ಎಲ್ಲರ ಪರವಾಗಿ ಸಾಕಾಗುತ್ತದೆಯೇ?

ಉತ್ತರ 4: ನರ್ಸಿಂಗ್ ಕಾಲೇಜಿನ ಉಪನ್ಯಾಸಕಿ, ಮಂಗಳೂರು

ಖಂಡಿತ ಸಾಲದು. ಹಿರಿಯರ ಅನುಮತಿ ಮನೆಯ ಬಾಗಿಲು ತೆರೆಯಬಹುದು, ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯ ಪ್ರಕಾರವೂ ಭಾಗವಹಿಸುವ ವ್ಯಕ್ತಿ ತಾನೇ ಸ್ವಇಚ್ಛೆಯಿಂದ ಒಪ್ಪಬೇಕು. ಸೊಸೆಯ ಒಪ್ಪಿಗೆಯನ್ನು ಅವರೊಬ್ಬರೇ ಇರುವಾಗ ಕೇಳಿ. ಬೇಡವೆಂದರೆ ಆ ಸಂಗತಿ ಮನೆಯವರಿಗೆ ತಿಳಿಯದಂತೆ ನೋಡಿಕೊಳ್ಳಿ. ಅವರು ಹೇಳಿದ್ದನ್ನು ಮಗನ ಸಂದರ್ಶನದಲ್ಲಿ ಬಾಯಿತಪ್ಪಿಯೂ ಎತ್ತಬೇಡಿ. ಓದುಕೂಟದ ಸಮಯವನ್ನು ರಾತ್ರಿ ಒಂಬತ್ತರ ನಂತರ ಇಟ್ಟರೆ ಮಧ್ಯಾಹ್ನದ ಪಾಳಿ ಮುಗಿಸಿ ಬರುವ ನಮ್ಮ ನರ್ಸ್‌ಗಳೂ ಸೇರಬಹುದು, ಕೆನಡಾದವರಿಗೆ ಆಗ ಬೆಳಗಾಗಿರುತ್ತದೆ.