ಬೇಡದ ಯೋಚನೆ ಬಂದಾಗ ಓಡಿಸಬೇಕಾ, ಸುಮ್ಮನೆ ಬಿಡಬೇಕಾ?

ಮಂಡಿಪೇಟೆ_ಲೆಕ್ಕ

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ವಯಸ್ಸು 34, ಅಂಗಡಿಗಳ ಲೆಕ್ಕ ಬರೆಯೋ ಕೆಲಸ. ರಾತ್ರಿ ದಿಂಬಿಗೆ ತಲೆ ಕೊಟ್ಟ ಕೂಡಲೇ ಶುರು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ರೆ? ಯಾವುದೋ ಬಿಲ್ಲಿನಲ್ಲಿ ಸೊನ್ನೆ ಒಂದು ಜಾಸ್ತಿ ಹೋಗಿದ್ರೆ? ಒಂದನ್ನ ತಳ್ಳಿದ್ರೆ ಇನ್ನೊಂದು. "ಯೋಚಿಸಬಾರದು" ಅಂತ ಗಟ್ಟಿಯಾಗಿ ಹೇಳ್ಕೋತೀನಿ, ಜಪ ಮಾಡ್ತೀನಿ, ದೊಡ್ಡ ದೊಡ್ಡ ಉಸಿರು ತಗೋತೀನಿ. ಉಸಿರು ತಗೊಂಡಷ್ಟೂ ತಲೆ ತಿರುಗ್ತದೆ. ಎರಡಾದ್ರೂ ನಿದ್ದೆ ಇಲ್ಲ.

"ಧೈರ್ಯವಾಗಿರಿ" ಅನ್ನೋದು ಬೇಡ, ಅದನ್ನ ಮನೆಯವರು ಹೇಳ್ತಾ ಇದಾರೆ. ಏನು ಮಾಡಬೇಕು, ಎಷ್ಟು ಹೊತ್ತು, ಎಲ್ಲಿ ತಪ್ಪುತ್ತೆ, ಅಷ್ಟು ತಿಳಿದವರು ಹೇಳಿ.

ಬೆಣ್ಣೆದೋಸೆ_77

ಪಾಸಿಟಿವ್ ಆಗಿರಿ ಸರ್. ಕೆಟ್ಟ ಯೋಚನೆ ಬಂದ ತಕ್ಷಣ ಅದರ ಜಾಗದಲ್ಲಿ ಒಳ್ಳೆ ಯೋಚನೆ ಇಟ್ಟುಬಿಡಿ. ಮನಸ್ಸು ಖಾಲಿ ಬಿಡಬೇಡಿ, ಅಷ್ಟೇ.

ಕುಂದವಾಡ_ಕೆರೆ

ಬೆಣ್ಣೆದೋಸೆಯವರೇ, ಅವರು ಮಾಡ್ತಿರೋದೇ ಅದು, ಕೆಡ್ತಿರೋದೂ ಅಲ್ಲೇ.

"ಇದನ್ನ ಯೋಚಿಸಬಾರದು" ಅಂತ ಅಪ್ಪಣೆ ಕೊಟ್ಟರೆ, ಅದು ಬಂತೋ ಇಲ್ಲವೋ ನೋಡೋಕೆ ಮನಸ್ಸಿನ ಬಾಗಿಲಲ್ಲಿ ಒಬ್ಬ ಕಾವಲುಗಾರ ಕೂರಬೇಕಾಗ್ತದೆ. ಅವನಿಗೆ ಗುರುತು ಸಿಗಬೇಕಂದ್ರೆ ಅದೇ ಯೋಚನೆಯ ಫೋಟೋ ಕೈಯಲ್ಲಿರಬೇಕು. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಇದನ್ನ ಪರೀಕ್ಷೆ ಮಾಡಿ ತೋರಿಸಿದರು. ಐದು ನಿಮಿಷ ಬಿಳಿ ಕರಡಿಯನ್ನ ನೆನೆಸಬೇಡಿ, ನೆನಪಾದ್ರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸ್ತಲೇ ಇತ್ತು. ಆಮೇಲೆ "ಈಗ ಬೇಕಾದ್ರೆ ನೆನೆಸಿ" ಅಂದಾಗ, ಮೊದಲಿಂದಲೂ ನೆನೆಸಲು ಬಿಟ್ಟವರಿಗಿಂತ ತಡೆದವರಿಗೇ ಕರಡಿ ಹೆಚ್ಚು ಸಲ ಬಂತು.

ಹಾಗಂತ ಯೋಚನೆ ಜೊತೆ ಕೂತು ಹರಟೆ ಹೊಡೀರಿ ಅಂತಲೂ ಅಲ್ಲ. ಬಂದ ಯೋಚನೆ ನಿಮ್ಮ ಕೈಯಲ್ಲಿಲ್ಲ, ಬಂದ ಮೇಲೆ ನೀವು ಅದಕ್ಕೆ ಮಾಡೋ ಚಾಕರಿ ನಿಮ್ಮ ಕೈಯಲ್ಲಿದೆ. ಆ ಚಾಕರಿ ನಿಲ್ಲಿಸಬೇಕು.

ಯೋಚನೆ ಬಂದಾಗ ಅದಕ್ಕೆ ಹೆಸರು ಹಚ್ಚಿ: "ಅಮ್ಮ ಬೀಳ್ತಾಳೆ ಅನ್ನೋ ಯೋಚನೆ ಬಂತು." "ಅಮ್ಮ ಬೀಳ್ತಾಳೆ" ಅಂತಲ್ಲ. ವ್ಯತ್ಯಾಸ ಸಣ್ಣದಾಗಿ ಕಾಣ್ತದೆ, ಆದ್ರೆ ಮೊದಲನೆಯದು ವರದಿ, ಎರಡನೆಯದು ತೀರ್ಪು. ಒಂದೇ ಸಲ ಹೇಳಿ, ಕೈಯಲ್ಲಿದ್ದ ಕೆಲಸಕ್ಕೆ ವಾಪಸ್. ಹತ್ತು ಸಲ ಬಂದ್ರೆ ಹತ್ತು ಸಲ. ವಾದ ಮಾಡಬೇಡಿ, ಸಮಾಧಾನವನ್ನೂ ಹೇಳಬೇಡಿ.

ಎರಡನೆಯದು ಚಿಂತೆಗೆ ಹೊತ್ತು ಗೊತ್ತು ಮಾಡೋದು. ದಿನಾ ಒಂದೇ ಸಮಯ, ಒಂದೇ ಜಾಗ, 20 ನಿಮಿಷ, ಹೆಚ್ಚಂದ್ರೆ 30. ಸಂಜೆ 6.30 ಆಗಬಹುದು. ಹಾಸಿಗೆ ಮೇಲೆ ಬೇಡ, ಮಲಗೋ ಮುಂಚಿನ ಎರಡು ಗಂಟೆಯೂ ಬೇಡ. ಹಗಲು ಚಿಂತೆ ಬಂದ್ರೆ ಜೇಬಿನ ಚೀಟಿಯಲ್ಲಿ ಮೂರ್ನಾಲ್ಕು ಪದ ಗೀಚಿ: "ಅಮ್ಮ-ಬಚ್ಚಲು", "ಬಿಲ್ಲು-ಸೊನ್ನೆ". ಸಂಜೆ ಕೂತು ಒಂದೊಂದಕ್ಕೂ ಒಂದೇ ಪ್ರಶ್ನೆ: ನಾಳೆಯೊಳಗೆ ಇದಕ್ಕೆ ನಾನು ಮಾಡೋ ಕೆಲಸ ಇದೆಯಾ? ಇದ್ರೆ ಒಂದು ಹೆಜ್ಜೆ ಬರೀರಿ. ಬಚ್ಚಲಿಗೆ ರಬ್ಬರ್ ಮ್ಯಾಟು, ಗೋಡೆಗೆ ಹಿಡಿಕೆ, ರಾತ್ರಿ ದೀಪ. ಇಲ್ಲದಿದ್ರೆ "ಕೆಲಸ ಇಲ್ಲ" ಅಂತ ಬರೆದು ಮುಂದಿನದು. ಹೊತ್ತು ಮುಗಿದ್ರೆ ಎದ್ದುಬಿಡಿ, ಅರ್ಧಕ್ಕೆ ನಿಂತ್ರೂ ಸರಿ.

ಇದು ಕೆಡೋದು ಮೂರು ಕಡೆ. ಮೊಬೈಲಿನಲ್ಲಿ ಬರೆಯೋಕೆ ಹೋಗಿ ರೀಲ್ಸ್‌ಗೆ ಜಾರೋದು. ಚೀಟಿಯಲ್ಲೇ ಪ್ರಬಂಧ ಬರೆಯೋದು. ಇನ್ನೊಂದು, ಇದೇ ದೊಡ್ಡದು: ಚಿಂತೆ ಇಲ್ಲದ ದಿನ ಸಂಜೆಯ ಬೈಠಕ್ಕಿಗೆ ಚಕ್ಕರ್ ಹಾಕೋದು. ಸಂಜೆ ಖಂಡಿತ ವಿಚಾರಣೆ ಆಗ್ತದೆ ಅನ್ನೋ ನಂಬಿಕೆ ಮನಸ್ಸಿಗೆ ಬಂದ್ರೆ ಮಾತ್ರ ಅದು ಮಧ್ಯಾಹ್ನ ಬಿಟ್ಟುಕೊಡ್ತದೆ. ಮೊದಲ ವಾರ ಕೇಳೋದಿಲ್ಲ. ಎರಡು ವಾರ ಕೊಡಿ.

ಲೆಕ್ಕದವರು ನೀವು, ಕಾಲಂ ಹಾಕೋದು ಹೇಳಿಕೊಡಬೇಕಿಲ್ಲ. ತುಂಬಾ ಕಾಡೋ ಒಂದೇ ಒಂದು ಯೋಚನೆಗೆ ಐದು ಕಾಲಂ: ಸಂದರ್ಭ, ಯೋಚನೆ (ಎಷ್ಟು ನಂಬ್ತೀರಿ, ನೂರಕ್ಕೆ), ಅದರ ಪರ ಸಾಕ್ಷಿ, ವಿರುದ್ಧ ಸಾಕ್ಷಿ, ಎರಡನ್ನೂ ತೂಗಿದ ಮಾತು. ಕೊನೆಗೆ ನಂಬಿಕೆಗೆ ಮತ್ತೆ ಅಂಕ. 80 ಇದ್ದದ್ದು 60ಕ್ಕೆ ಬಂದ್ರೆ ಸಾಕು, ಸೊನ್ನೆ ಆಗಬೇಕಿಲ್ಲ. ಐದನೇ ಕಾಲಂನಲ್ಲಿ "ಎಲ್ಲಾ ಒಳ್ಳೇದಾಗ್ತದೆ" ಅಂತ ಬರೆದ್ರೆ ಮನಸ್ಸು ಒಪ್ಪಲ್ಲ, ಅದಕ್ಕೆ ಸಾಕ್ಷಿ ಎಲ್ಲಿ? "ಬಿಲ್ಲನ್ನ ಎರಡು ಸಲ ತಾಳೆ ನೋಡಿದೀನಿ, ತಪ್ಪಿದ್ರೂ ತಿದ್ದಬಹುದು" ಅನ್ನೋದು ನಿಲ್ಲೋ ಮಾತು.

ಕೋಟೆ_ಬಾಗಿಲು

ದುರ್ಗದಿಂದ. ಉಸಿರಿನ ವಿಷಯ ನಾನು ಹೇಳ್ತೀನಿ.

ತಲೆ ತಿರುಗೋದು ದೊಡ್ಡ ಉಸಿರಿನಿಂದಲೇ ರೀ. ಜೋರಾಗಿ, ಹೆಚ್ಚಾಗಿ ಉಸಿರಾಡಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತೆ. ಆಗ ತುಟಿ, ಬೆರಳು ಜುಮ್ ಅಂತಾವೆ, ತಲೆ ಹಗುರ ಆಗುತ್ತೆ, ಎದೆ ಹಿಡಿದಂಗೆ ಅನ್ಸುತ್ತೆ. ಅದನ್ನ ನೋಡಿ ಇನ್ನೂ ಹೆದರಿಕೆ. ಉಸಿರು ನಿಧಾನ ಆಗಬೇಕು, ದೊಡ್ಡದಲ್ಲ.

ಬಾಯಿ ಮುಚ್ಚಿ ಮೂಗಿನಿಂದ 4 ಎಣಿಸೋವರೆಗೆ ಒಳಗೆ, 6 ಎಣಿಸೋವರೆಗೆ ಹೊರಗೆ. ಮಾಮೂಲಿ ಉಸಿರಿನಷ್ಟೇ ಗಾಳಿ. ಹೊಟ್ಟೆ ಮೇಲಿನ ಕೈ ಏಳಬೇಕು, ಭುಜ ಏಳಬಾರದು. ಒಂದಕ್ಕೆ 10 ಸೆಕೆಂಡು, ನಿಮಿಷಕ್ಕೆ 6, ಐದು ನಿಮಿಷಕ್ಕೆ 30. ಉಸಿರುಗಟ್ಟಿದಂಗೆ ಆದ್ರೆ 3 ಒಳಗೆ, 4 ಹೊರಗೆ ಅಂತ ಇಳಿಸ್ಕೊಳ್ಳಿ. ಗಾಬರಿ ಇಲ್ಲದಾಗ ದಿನಕ್ಕೆ ಎರಡು ಸಲ ಕಲೀರಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋಕೆ ಹೋದ್ರೆ ಆಗಲ್ಲ. ಗಾಬರಿ ಹೊತ್ತಲ್ಲಿ ಕಪಾಲಭಾತಿ, ಭಸ್ತ್ರಿಕಾ ಬೇಡವೇ ಬೇಡ, ಅವು ಉಸಿರು ಏರಿಸೋ ಕ್ರಿಯೆಗಳು.

ಮೈ ಬಿಗಿತಕ್ಕೆ ಎಡ್ಮಂಡ್ ಜೇಕಬ್ಸನ್ ಅನ್ನೋ ಅಮೆರಿಕದ ಡಾಕ್ಟರ ಪದ್ಧತಿ ಇದೆ. ಮುಷ್ಟಿ, ತೋಳು, ಭುಜ, ಹಣೆ, ದವಡೆ, ಹೊಟ್ಟೆ, ತೊಡೆ, ಮೀನಖಂಡ, ಈ ಕ್ರಮದಲ್ಲಿ ಒಂದೊಂದನ್ನೇ 5 ಸೆಕೆಂಡು ಬಿಗಿ ಮಾಡಿ, 20 ಸೆಕೆಂಡು ಸಡಿಲ ಬಿಡಿ. ಮೀನಖಂಡಕ್ಕೆ ಅರ್ಧ ಬಲ ಸಾಕು, ಇಲ್ಲಾಂದ್ರೆ ನರ ಹಿಡ್ಕೊಳ್ಳುತ್ತೆ. ಬಿಡೋ ಕ್ಷಣವನ್ನ ಗಮನಿಸೋದೇ ಇದರಲ್ಲಿ ಮುಖ್ಯ. ಬಿಗಿ ಮಾಡೋದನ್ನೇ ವ್ಯಾಯಾಮ ಮಾಡ್ಕೊಂಡವರಿಗೆ ಉಪಯೋಗ ಆಗಲ್ಲ.

ಮಲಗಿ ಸುಮಾರು 20 ನಿಮಿಷವಾದ್ರೂ ನಿದ್ದೆ ಇಲ್ಲ ಅನ್ನಿಸಿದ್ರೆ (ಗಡಿಯಾರ ನೋಡಬೇಡಿ, ಅಂದಾಜು ಸಾಕು) ಎದ್ದು ಬೇರೆ ಜಾಗದಲ್ಲಿ, ಮಂದ ಬೆಳಕಿನಲ್ಲಿ ಕೂತು ಸಪ್ಪೆ ಕೆಲಸ ಮಾಡಿ. ಬಟ್ಟೆ ಮಡಚೋದು ಅಂಥದ್ದು. ತೂಕಡಿಕೆ ಬಂದ ಮೇಲೆ ಹಾಸಿಗೆ. ಬೆಳಿಗ್ಗೆ ಏಳೋ ಸಮಯ ಭಾನುವಾರವೂ ಬದಲಾಗಬಾರದು. ಮಂಡಕ್ಕಿ ಮಿರ್ಚಿ ತಿನ್ನಿ, ಆದ್ರೆ ಅದರ ಜೊತೆ ಸಂಜೆ ಆರರ ಚಹಾ ಬಿಡಿ. ಕೆಫೀನ್ ಅರ್ಧ ಇಳಿಯೋಕೆ ಸುಮಾರು 5 ಗಂಟೆ ಬೇಕು, ಅಂದ್ರೆ ಹನ್ನೊಂದಕ್ಕೂ ಅರ್ಧ ಲೋಟ ಮೈಯಲ್ಲೇ ಇರುತ್ತೆ. ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ಅರ್ಧ ಗಂಟೆ ಬಿರುಸಾಗಿ ನಡೀರಿ.

ಮಂಡಿಪೇಟೆ_ಲೆಕ್ಕ

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಒಂದು ಬಿಟ್ಟಿದ್ದೆ, ಬರೆಯೋಕೆ ನಾಚಿಕೆ. ಗ್ಯಾಸ್ ಆಫ್ ಮಾಡಿದೀನಾ ಅಂತ ನಾಲ್ಕೈದು ಸಲ ಎದ್ದು ನೋಡ್ತೀನಿ. ಜಪ 108, ಮಧ್ಯೆ ಕೆಟ್ಟ ಯೋಚನೆ ಬಂದ್ರೆ ಮತ್ತೆ ಒಂದರಿಂದ. ದೇವರ ಮುಂದೆ ನಿಂತಾಗಲೇ ಬಾಯಲ್ಲಿ ಹೇಳಬಾರದ ಮಾತು ಮನಸ್ಸಿಗೆ ಬರ್ತವೆ. ಇದೂ ಅದೇ ಲೆಕ್ಕಕ್ಕಾ?

ಜೋಗಿಮಟ್ಟಿ

ಇಲ್ಲ ಸರ್, ಇದಕ್ಕೆ ಬೇರೆ ಖಾತೆ ತೆಗೀಬೇಕು. ಒಸಿಡಿ, ಕನ್ನಡದಲ್ಲಿ ಗೀಳು ಮನೋರೋಗ ಅಂತಾರಲ್ಲ, ಅದರ ಲಕ್ಷಣದ ಹಾಗಿದೆ. ಹೌದೋ ಅಲ್ಲವೋ ಹೇಳಬೇಕಾದವರು ಮನೋವೈದ್ಯರು, ನಾವಲ್ಲ. ಗೀಳು (ಬೇಡ ಅಂದ್ರೂ ಮತ್ತೆ ಮತ್ತೆ ಬರೋ ಯೋಚನೆ) ಮತ್ತು ಅದಕ್ಕಾಗಿ ಮಾಡೋ ಕ್ರಿಯೆ ಸೇರಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತಿನ್ನುತ್ತಿದ್ರೆ, ಇಲ್ಲಾ ಕೆಲಸ-ಮನೆಗೆ ತೊಡಕಾಗ್ತಿದ್ರೆ, ತೋರಿಸಲೇಬೇಕು.

ನಾಚಿಕೆಯ ಮಾತಿಗೆ ಮೊದಲು ಉತ್ತರ. ದೇವರನ್ನ ಬಯ್ಯೋದು, ಮಗುವಿಗೆ ಚಾಕು ತಾಗಿಸೋದು, ಇಂಥ ಯೋಚನೆಗಳು ರೋಗವಿಲ್ಲದ ಸಾಮಾನ್ಯ ಜನರಿಗೂ ಬರ್ತವೆ ಅನ್ನೋದನ್ನ ರಾಕ್‌ಮನ್ ಮತ್ತು ಡಿ ಸಿಲ್ವ ಅನ್ನೋ ಮನಶ್ಶಾಸ್ತ್ರಜ್ಞರು 1978ರಲ್ಲೇ ತೋರಿಸಿದ್ರು. ಉಳಿದವರು "ಥೂ" ಅಂದು ಮುಂದೆ ಹೋಗ್ತಾರೆ, ಗೀಳು ಇದ್ದವರು ಅದಕ್ಕೆ ಅರ್ಥ ಹುಡುಕ್ತಾರೆ. ಭಕ್ತಿ ಇದ್ದವರಿಗೇ ದೇವರ ಬಗ್ಗೆ ಹೆಚ್ಚಾಗಿ ಕಾಡೋದು, ಯಾಕಂದ್ರೆ ಅವರಿಗೇ ಅದು ಚುಚ್ಚೋದು.

ಗ್ಯಾಸಿನ ಲೆಕ್ಕ ಹೀಗೆ: ಅನುಮಾನ, ನೋಡೋದು, ಎರಡು ನಿಮಿಷ ನೆಮ್ಮದಿ, ಮತ್ತೆ ಅನುಮಾನ. ನೋಡಿದಷ್ಟೂ ಖಾತ್ರಿ ಕಮ್ಮಿ ಆಗ್ತದೆ. ಐದು ಸಲ ನೋಡಿದ ನೆನಪುಗಳು ಒಂದರ ಮೇಲೊಂದು ಬಿದ್ದು ಯಾವುದೂ ಸ್ಪಷ್ಟ ಉಳಿಯೋದಿಲ್ಲ. ಚಿಕಿತ್ಸೆಯಲ್ಲಿ ಮಾಡಿಸೋದು ಇದರ ಉಲ್ಟಾ: ಅನುಮಾನ ಇರಲಿ, ಕ್ರಿಯೆ ಮಾತ್ರ ಬೇಡ. ಹೆದರಿಕೆಗಳನ್ನ ನೂರಕ್ಕೆ ಅಂಕ ಹಾಕಿ ಏಣಿ ಮಾಡಿಸ್ತಾರೆ, 30-40ರ ಮೆಟ್ಟಿಲಿಂದ ಶುರು, 90ಕ್ಕೆ ನೇರ ಹಾರಿದ್ರೆ ಜನ ಎರಡೇ ದಿನಕ್ಕೆ ಬಿಟ್ಟುಬಿಡ್ತಾರೆ. ರೆಗ್ಯುಲೇಟರ್ ತಿರುಗಿಸುವಾಗ ಕಣ್ಣು ನಾಬ್ ಮೇಲೆ, ಒಂದೇ ಸಲ, ಆಮೇಲೆ ಅಡುಗೆಮನೆಗೆ ಬೆನ್ನು. ಚಡಪಡಿಕೆ ಏರ್ತದೆ. ಏರಲಿ. ನೀವು ಏನೂ ಮಾಡದಿದ್ರೂ ಅದು ಇಳೀತದೆ, ಇಳಿಯೋದು ತಡವಾದ್ರೂ ತಡ್ಕೋಬಹುದು ಅನ್ನೋದೇ ಪಾಠ. ಫೋಟೋ ತೆಗೆದಿಟ್ಕೊಳ್ಳೋದು, "ಆಫ್ ಮಾಡಿದೀನಲ್ವಾ?" ಅಂತ ಹೆಂಡತಿ ಹತ್ರ ಕೇಳೋದು, ಎರಡೂ ಕಳ್ಳದಾರಿ. ಮನೆಯವರಿಗೆ ಮೊದಲೇ ಹೇಳಿಡಿ, ಎರಡನೇ ಸಲ ಉತ್ತರ ಕೊಡಬಾರದು ಅಂತ.

ಜಪ ಬಿಡಿ ಅಂತ ಯಾರೂ ಹೇಳಲ್ಲ. ಮಧ್ಯೆ ಕೆಟ್ಟ ಯೋಚನೆ ಬಂದ್ರೂ ಅಲ್ಲಿಂದಲೇ ಮುಂದುವರಿಸೋಕೆ ಆಗ್ತದಾ ನೋಡಿ. ಆಗ್ತದೆ ಅಂದ್ರೆ ಅದು ಜಪ. ಆಗದಿದ್ರೆ ಅದು ಗ್ಯಾಸ್ ನೋಡೋದರ ತಮ್ಮ. ಕುಂದವಾಡದವರು ಹೇಳಿದ ಐದು ಕಾಲಂ ಕೂಡ ಈ ಗೀಳಿಗೆ ಹಾಕಬೇಡಿ. ಸಾಕ್ಷಿ ಹುಡುಕೋದೇ ಹೊಸ ಗೀಳು ಆಗ್ತದೆ. ಬಿಲ್ಲಿನ ಚಿಂತೆಗೆ ಮಾತ್ರ ಇರಲಿ, ಅದೂ ತಾಳೆ ನೋಡೋ ಲೆಕ್ಕ ಎರಡು ದಾಟಬಾರದು.

ಮಾತ್ರೆ ಕೊಟ್ಟರೆ ಗೀಳಿಗೆ ಕೆಲಸ ಮಾಡೋಕೆ 8ರಿಂದ 12 ವಾರ ಬೇಕಾಗಬಹುದು. ಹದಿನೈದು ದಿನಕ್ಕೆ "ಏನೂ ಆಗ್ಲಿಲ್ಲ" ಅಂತ ಬಿಡೋರು ಇದಾರೆ. ಆರಾಮಾದ ಮೇಲೂ ಡಾಕ್ಟರನ್ನ ಕೇಳದೆ ಏಕ್‌ದಂ ನಿಲ್ಲಿಸಬಾರದು. ಮೆಡಿಕಲ್ ಶಾಪಿನಲ್ಲಿ ನಿದ್ದೆ ಮಾತ್ರೆ ಕೇಳಿ ತಗೋಬೇಡಿ, ಅದಕ್ಕೆ ಮೈ ಒಗ್ಗಿಕೊಂಡ್ರೆ ಬಿಡಿಸೋದು ಇನ್ನೊಂದು ಪಾಡು.

ಕುಂದವಾಡ_ಕೆರೆ

ಜೋಗಿಮಟ್ಟಿಯವರು ತಿದ್ದಿದ್ದು ಸರಿ, ನನ್ನ ಉತ್ತರ ಬರೀ ಚಿಂತೆಗೆ.

ಎಲ್ಲಿ ಅನ್ನೋದಕ್ಕೆ: ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ದುರ್ಗದವರಿಗೆ ಅಲ್ಲಿನ ಜಿಲ್ಲಾಸ್ಪತ್ರೆ. ಮನೋವೈದ್ಯರ ಒಪಿಡಿ ಯಾವ ದಿನ ಅಂತ ಚೀಟಿ ಕೌಂಟರಿನಲ್ಲಿ ಕೇಳಿ. ತಾಲ್ಲೂಕಿನವರು ಮಂಗಳವಾರದ ‘ಮನೋಚೈತನ್ಯ’ (ತಾಲ್ಲೂಕಿನಲ್ಲೇ ಮನೋವೈದ್ಯರು ನೋಡೋ ಸರ್ಕಾರಿ ಕಾರ್ಯಕ್ರಮ) ಬಗ್ಗೆ ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ ಹೋಗಿ, ಸುಮ್ಮನೆ ಬಸ್ ಹತ್ತಬೇಡಿ. ಒಂದು ಹಾಳೆಯಲ್ಲಿ ಬರ್ಕೊಂಡು ಹೋಗಿ: ಯಾವಾಗಿಂದ, ದಿನಕ್ಕೆ ಎಷ್ಟು ಹೊತ್ತು, ನಿದ್ದೆ ಎಷ್ಟು, ಈಗ ತಗೋತಿರೋ ಮಾತ್ರೆಗಳು. ಥೈರಾಯ್ಡ್ ರಕ್ತಪರೀಕ್ಷೆ ಬೇಕಾ ಅಂತಲೂ ಕೇಳಿ, ಅದು ಹೆಚ್ಚಾದ್ರೂ ಎದೆ ಹೊಡ್ಕೊಂಡು ಚಡಪಡಿಕೆ ಆಗ್ತದೆ. ಊರವರಿಗೆ ಗೊತ್ತಾಗ್ತದೆ ಅನ್ನೋ ಅಳುಕಿದ್ರೆ, ನಿಮ್ಮ ವಿವರ ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ.

ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416, 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಇದನ್ನ ಓದ್ತಿರೋ ಬೇರೆ ಯಾರಿಗಾದ್ರೂ "ಬದುಕೋದೇ ಬೇಡ" ಅನ್ನೋ ಯೋಚನೆ ಬರ್ತಿದ್ರೆ ಮೇಲಿನ ಚೀಟಿ, ಕಾಲಂ, ಉಸಿರು ಯಾವುದಕ್ಕೂ ಕೂರಬೇಡಿ. ಈಗಲೇ ಪಕ್ಕದಲ್ಲಿರೋರಿಗೆ ಬಾಯಿಬಿಟ್ಟು ಹೇಳಿ, ಆ ನಂಬರಿಗೆ ಹಚ್ಚಿ, ಒಬ್ಬರೇ ಇರಬೇಡಿ.

ಮಂಡಿಪೇಟೆ_ಲೆಕ್ಕ

ಹಾಳೆ ಬರೆದೆ. ಗ್ಯಾಸು-ಜಪ ಕೂಡಿಸಿದ್ರೆ ದಿನಕ್ಕೆ ಒಂದೂಮುಕ್ಕಾಲು ಗಂಟೆ ಬಂತು, ಇಷ್ಟಿದೆ ಅಂತ ಗೊತ್ತೇ ಇರ್ಲಿಲ್ಲ. ನಾಳೆ ಒಪಿಡಿ ದಿನ ವಿಚಾರಿಸ್ತೀನಿ. ಅಲ್ಲಿವರೆಗೆ ಗ್ಯಾಸನ್ನ ಐದರಿಂದ ಒಂದಕ್ಕೆ ತರಬೇಕಾ, ಮೂರಕ್ಕೆ ತಂದ್ರೆ ನಡೀತದಾ?

ಜೋಗಿಮಟ್ಟಿ

ನಡೀತದೆ. ಈ ವಾರ ಮೂರು, ಆದ್ರೆ ಮೂರೂ ಎಣಿಸಿ ಮುಗಿಸಬೇಕು, ನಾಲ್ಕನೆಯದಕ್ಕೆ ಏಳಬಾರದು. ಎದ್ದುಬಿಟ್ಟರೆ ಬೈಕೋಬೇಡಿ, ಹಾಳೆಯಲ್ಲಿ "4" ಅಂತ ಬರೆದು ಮಲಗಿ.