ಎರಡು ಫಸ್ಟ್ ರೌಂಡ್ ಪಿಕ್ಕು, ಒಂದು ಜರ್ಸಿ

ಗುಂಪು: ಬಿ ಬ್ಲಾಕ್ ಹಾಸ್ಟೆಲ್ (ಇಲ್ಲಿ ಒಬ್ಬೊಬ್ಬರಿಗೂ ಅವರವರ ಊರೇ ಹೆಸರು, ಕಂಸದಲ್ಲಿ ಈಗಿರುವ ಊರು)
ಸೋಮವಾರ, 19 ಮೇ 2025

ಸಾಗರ (ಬಾಸ್ಟನ್): [ಸ್ಕ್ರೀನ್‌ಶಾಟ್. ಮಂಡ್ಯ, 7 ಮಾರ್ಚ್: "ನಮ್ಮ ಟೊರೊಂಟೊ ಲೀಫ್ಸ್‌ಗೆ ಕಾರ್ಲೊ ಬಂದ, ಲಾಟನ್ ಬಂದ. ಈ ಸಲ ಕಪ್ ನಮ್ದೇ. ಬರೆದಿಟ್ಟುಕೊಳ್ಳಿ"]

ಸಾಗರ: ಬರೆದಿಟ್ಟುಕೊಂಡಿದ್ದೆ. ಇವತ್ತು ತೆಗೆದೆ, ಅಷ್ಟೇ.

ಹುಬ್ಬಳ್ಳಿ: ಲೇ ಮಂಡ್ಯ, ಆ ಮಾತು ಆರ್‌ಸಿಬಿದು. ಕದಿಯಬೇಡ.

ಮಂಡ್ಯ (ಮಿಸಿಸಾಗಾ): ಸಾಗರ, ಮ್ಯಾಚು ಮುಗಿದು ಅರ್ಧ ಗಂಟೆ ಆಗಿಲ್ಲ ಮಗಾ. ಸ್ವಲ್ಪನಾದ್ರೂ ಕರುಣೆ ಇರಲಿ.

ಮಡಿಕೇರಿ: ನಿಮ್ಮ ಐಸ್ ಹಾಕಿ ಮ್ಯಾಚಿನ ಸ್ಕೋರ್ ಎಷ್ಟು?

ಕುಂದಾಪುರ (ಟೊರೊಂಟೊ): 6-1, ಫ್ಲಾರಿಡಾ ಗೆದ್ದಿತು. ಪ್ಲೇಆಫ್ ಎರಡನೇ ಸುತ್ತಿನ ಏಳನೇ, ಕೊನೇ ಪಂದ್ಯ, ನಮ್ಮ ಮನೆಯಂಗಳದಲ್ಲೇ. ಐದನೆಯದೂ ಇಲ್ಲೇ, ಅದೂ 6-1. ಫ್ಲಾರಿಡಾದವರಿಗೆ ಆ ಸ್ಕೋರು ಬಾಯಿಪಾಠ ಆಗಿಬಿಟ್ಟಿದೆ ಮಾರಾಯ.

ಮಂಡ್ಯ: ಸರಣಿಯಲ್ಲಿ 2-0 ಮುಂದಿದ್ದೆವು. ಮೂರನೇ ಪಂದ್ಯದಲ್ಲೂ 3-1 ಮುಂದಿದ್ದೆವು. ಅದೊಂದು ಕೈಯಲ್ಲಿ ಉಳಿದಿದ್ದರೆ ಈಗ ಇವನು ಸ್ಕ್ರೀನ್‌ಶಾಟ್ ಹುಡುಕುತ್ತಲೇ ಇರಲಿಲ್ಲ.

ಸಾಗರ: ಅದನ್ನು ಓವರ್‌ಟೈಮಿನಲ್ಲಿ ಮುಗಿಸಿದ್ದು ಯಾರು, ಹೇಳು.

ಮಂಡ್ಯ: ಹೇಳಲ್ಲ.

ಸಾಗರ: ಬ್ರಾಡ್ ಮಾರ್ಶಾಂಡ್. ನಮ್ಮ ಬಾಸ್ಟನ್ ಬ್ರೂಯಿನ್ಸ್ ಕ್ಯಾಪ್ಟನ್ ಆಗಿದ್ದವನು. ಅದೇ ಮಾರ್ಚ್ 7ರ ಟ್ರೇಡ್ ಡೆಡ್‌ಲೈನಿಗೆ ನಾವು ಅವನನ್ನು ಫ್ಲಾರಿಡಾಕ್ಕೆ ಕಳಿಸಿದ್ದು. 2013, 2018, 2019, 2024, ನಾಲ್ಕು ಸಲ ಏಳನೇ ಪಂದ್ಯದಲ್ಲಿ ನಿಮ್ಮನ್ನು ಮನೆಗೆ ಕಳಿಸಿದ ಟೀಮಿನಲ್ಲಿ ಇದ್ದವನು. ಇವತ್ತು ಜರ್ಸಿ ಬೇರೆ, ಕೆಲಸ ಅದೇ.

ಹುಬ್ಬಳ್ಳಿ: ಒಂದು ನಿಮಿಷ. ಸೀಸನ್ ಮಧ್ಯದಲ್ಲಿ ಕ್ಯಾಪ್ಟನ್ನನ್ನೇ ಮಾರುತ್ತಾರಾ? ಈ ಡೆಡ್‌ಲೈನ್ ಅಂದ್ರೇನಪಾ?

ಕುಂದಾಪುರ: ಮಾರ್ಚಲ್ಲಿ ಒಂದು ದಿನ ಗೊತ್ತು ಮಾಡಿರುತ್ತಾರೆ. ಆಮೇಲೆ ತಂದವನನ್ನು ಪ್ಲೇಆಫಿನಲ್ಲಿ ಆಡಿಸುವ ಹಾಗಿಲ್ಲ. ಅದಕ್ಕೇ ಕಪ್ಪಿನ ಆಸೆ ಇರುವವರು ಕೊಳ್ಳುತ್ತಾರೆ, ಆಸೆ ಬಿಟ್ಟವರು ಮಾರುತ್ತಾರೆ. ದುಡ್ಡಲ್ಲ, ಹುಡುಗರನ್ನೂ ಡ್ರಾಫ್ಟ್ ಪಿಕ್ಕನ್ನೂ ಕೊಡಬೇಕು. ಪಿಕ್ಕು ಅಂದರೆ ಮುಂದೆ ಹೊಸ ಹುಡುಗರನ್ನು ಆರಿಸುವಾಗ ನಮಗೆ ಬರುವ ಸರದಿ.

ಸಾಗರ: ನಮ್ಮೂರಿನ ಲೆಕ್ಕದಲ್ಲಿ ಮುಂದಿನ ವರ್ಷದ ಅಡಿಕೆಯನ್ನು ಈಗಲೇ ಚೇಣಿ ಗುತ್ತಿಗೆಗೆ ಕೊಟ್ಟ ಹಾಗೆ.

ಕುಂದಾಪುರ: ಹಾಂ, ನಮ್ಮ ಲೀಫ್ಸ್ ಎರಡು ವರ್ಷದ ಫಸಲು ಕೊಟ್ಟರು. ಲಾಟನ್‌ಗೆ 2027ರ ಫಸ್ಟ್ ರೌಂಡ್ ಪಿಕ್ಕು, ಜೊತೆಗೆ ಗ್ರೆಬೆಂಕಿನ್ ಅನ್ನೋ ಹುಡುಗ. ಬಾಸ್ಟನ್‌ನ ಕಾರ್ಲೊಗೆ 2026ರ ಫಸ್ಟ್ ರೌಂಡ್ ಪಿಕ್ಕು, ಜೊತೆಗೆ ಮಿಂಟನ್ ಅನ್ನೋ ಹುಡುಗ, ಮೇಲೊಂದು ನಾಲ್ಕನೇ ರೌಂಡ್ ಪಿಕ್ಕು. ಆ ಮಿಂಟನ್‌ನನ್ನು ಬಿಟ್ಟಿದ್ದು ನನಗೆ ಇನ್ನೂ ಹೊಟ್ಟೆ ಉರಿ.

ಮಂಡ್ಯ: ಸುಮ್ನೆ ಅರ್ಧ ಲೆಕ್ಕ ಹೇಳಬೇಡ ಕಣೇ. ಲಾಟನ್ ಜೊತೆ ಎರಡು ಸಣ್ಣ ಪಿಕ್ಕು ನಮಗೂ ಬಂತು. ಅವನ ಸಂಬಳದ ಅರ್ಧ ಫಿಲಡೆಲ್ಫಿಯಾದವರೇ ಹೊರುತ್ತಾರೆ, ನಮ್ಮ ಕ್ಯಾಪಿಗೆ, ಅಂದರೆ ತಂಡದ ಒಟ್ಟು ಸಂಬಳದ ಮಿತಿಗೆ, ಬೀಳುವುದು ಬರೀ 15 ಲಕ್ಷ ಡಾಲರು. ಇನ್ನೂ ಒಂದು ಸೀಸನ್ ಕಾಂಟ್ರಾಕ್ಟ್ ಇದೆ, ಕಾರ್ಲೊಗೆ ಎರಡು. 2021ರಲ್ಲಿ ಫೊಲಿನ್ಯೊಗೆ ಫಸ್ಟ್ ರೌಂಡ್ ಪಿಕ್ಕು ಕೊಟ್ಟರಲ್ಲ, ಬಂದ, ಕುಂಟಿದ, ಹೋದ. 2023ರಲ್ಲಿ ಓ'ರೈಲಿಗೂ ಕೊಟ್ಟರು, ಅವನು ಬೇಸಿಗೆ ಬರುತ್ತಲೇ ನ್ಯಾಶ್‌ವಿಲ್ ಬಸ್ ಹತ್ತಿದ. ಇವರಿಬ್ಬರು ಹಾಗೆ ಬಾಡಿಗೆಗೆ ಬಂದವರಲ್ಲ. ನಾನು ಮಾರ್ಚಲ್ಲಿ ಹೇಳಿದ್ದೂ ಅದನ್ನೇ, ಈಗಲೂ ಅದನ್ನೇ ಹೇಳುತ್ತೇನೆ.

ಕುಂದಾಪುರ: ಲಾಟನ್ ಪ್ಲೇಆಫಿನಲ್ಲಿ 13 ಪಂದ್ಯ ಆಡಿದ. ಗೋಲು ಎಷ್ಟು?

ಮಂಡ್ಯ: ಅವನು ಇರುವುದು ಗೋಲು ಹೊಡೆಯೋಕಲ್ಲ. ಪೆನಾಲ್ಟಿ ತಡೆಯೋಕೆ, ಅಂದರೆ ನಮ್ಮವನೊಬ್ಬ ಶಿಕ್ಷೆಯಾಗಿ ಹೊರಗೆ ಕೂತಾಗ ಗೋಲು ಬೀಳದಂತೆ ನೋಡೋಕೆ. ಜೊತೆಗೆ ಮೂರನೇ ಲೈನಿಗೆ, ಅಂದರೆ ಸರದಿಯಲ್ಲಿ ಮೂರನೆಯದಾಗಿ ಇಳಿಯುವ ಗುಂಪಿಗೆ.

ಕುಂದಾಪುರ: ಸೊನ್ನೆ. ಮೂರನೇ ಲೈನಿಗೆ ಫಸ್ಟ್ ರೌಂಡ್ ಪಿಕ್ಕು ಯಾರಾದರೂ ಕೊಡುತ್ತಾರಾ? ನನ್ನ ಸಿಟ್ಟು ಅವನ ಮೇಲಲ್ಲ. ಓಕ್‌ವಿಲ್ ಹುಡುಗ, ಪಾಪ, ಊರಿಗೆ ಬಂದೆ ಅಂತ ಖುಷಿಪಟ್ಟಿದ್ದ. ಕಾರ್ಲೊ ಆರಡಿ ಐದಿಂಚಿನ ಡಿಫೆಂಡರ್, ಅವನ ಆಟಕ್ಕೂ ನಾನು ತಪ್ಪು ಹುಡುಕಲ್ಲ. ಆದರೆ ಮನೆ ಸೋರುತ್ತಿದ್ದದ್ದು ಎಲ್ಲಿ? ಇವತ್ತು ನಮ್ಮ ಕಡೆಯ ಒಂದೇ ಗೋಲು ಹೊಡೆದಿದ್ದು ಡೋಮಿ. ನಮ್ಮ ದೊಡ್ಡ ಸ್ಟಾರುಗಳು? ಮ್ಯಾಥ್ಯೂಸ್ ಸೊನ್ನೆ, ಮಾರ್ನರ್ ಸೊನ್ನೆ. ಸೂರು ಸೋರುವಾಗ ಬಾಗಿಲಿಗೆ ಹೊಸ ಚಿಲಕ ಹಾಕಿಸಿದರು, ಅದೂ ಬೆಳ್ಳಿಯದ್ದು.

ಮಡಿಕೇರಿ: ಬೆಳ್ಳಿ ಚಿಲಕ 😂

ಮಂಡ್ಯ: ರಾಂಟನೆನ್‌ನನ್ನು ತರಲು ನೋಡಿದರಂತೆ. ಅದಕ್ಕೆ ಬದಲಿಯಾಗಿ ಹೋಗಲು ಮಾರ್ನರ್ ಒಪ್ಪಬೇಕಿತ್ತು. ಅವನು ಒಲ್ಲೆ ಅಂದರೆ ಯಾರೂ ಅವನನ್ನು ಕಳಿಸುವ ಹಾಗಿಲ್ಲ, ಕಾಂಟ್ರಾಕ್ಟಿನಲ್ಲೇ ಬರೆದಿದೆ. ಒಲ್ಲೆ ಅಂದ ಅಂತ ಸುದ್ದಿ. ಜುಲೈ 1ಕ್ಕೆ ಕಾಂಟ್ರಾಕ್ಟ್ ಮುಗಿದು ಅವನಿಗೆ ಬಿಡುಗಡೆ. ಮ್ಯಾನೇಜರ್ ಇನ್ನೇನು ಮಾಡಬೇಕಿತ್ತು, ಹೊತ್ತುಕೊಂಡು ಹೋಗಿ ಬಿಡಬೇಕಿತ್ತಾ?

ಹುಬ್ಬಳ್ಳಿ: ರಾಂಟನೆನ್ ಯಾರು?

ಮಂಡ್ಯ: ಗೋಲು ಹೊಡೆಯುವ ಫಾರ್ವರ್ಡ್. ಕೊಲರಾಡೊದವರು ಅವನನ್ನು ಜನವರಿಯಲ್ಲಿ ಕ್ಯಾರೊಲೈನಾಕ್ಕೆ ಕೊಟ್ಟರು, ಅವರು ಮಾರ್ಚಲ್ಲಿ ಡಲ್ಲಾಸ್‌ಗೆ ದಾಟಿಸಿದರು. ಮೊದಲನೇ ಸುತ್ತಿನಲ್ಲಿ ಡಲ್ಲಾಸ್‌ಗೆ ಎದುರಾದವರು ಯಾರು? ಕೊಲರಾಡೊ. ಏಳನೇ ಪಂದ್ಯದ ಕೊನೇ ಪೀರಿಯಡ್ಡಿನಲ್ಲಿ ಮೂರು ಗೋಲು ಹೊಡೆದು ಹಳೇ ಮನೆಯ ದೀಪ ಆರಿಸಿದ.

ಹುಬ್ಬಳ್ಳಿ: ಅಯ್ಯೋ ಸಿರಾಜ್! ನಾವು ಬಿಟ್ಟೆವು, ಗುಜರಾತ್ 12.25 ಕೋಟಿಗೆ ಎತ್ತಿಕೊಂಡಿತು, ಏಪ್ರಿಲ್ 2ಕ್ಕೆ ಚಿನ್ನಸ್ವಾಮಿಗೆ ಬಂದು 19 ರನ್ನಿಗೆ ಮೂರು ವಿಕೆಟ್ ಕಿತ್ತ. ಈಗ ಅರ್ಥ ಆಯ್ತು ನೋಡು ನಿಮ್ಮ ಆಟ.

ಮಡಿಕೇರಿ: ನಮ್ಮ ಕಡೆ ಈ ರಗಳೆಯೇ ಇಲ್ಲ. ಹೋದ ತಿಂಗಳು ಮಡಿಕೇರಿಯಲ್ಲಿ ಕೊಡವ ಕೌಟುಂಬಿಕ ಹಾಕಿಯ ಮುದ್ದಂಡ ಕಪ್ ಮುಗಿಯಿತು, 396 ಮನೆತನ ಬಂದಿದ್ದವು. ಮನೆತನದವರೇ ಆಡಬೇಕು. ಗೋಲ್‌ಕೀಪರ್ ಸರಿಯಿಲ್ಲ ಅಂತ ಪಕ್ಕದ ಮನೆಯವನನ್ನು ತರೋಕಾಗಲ್ಲ. ಚಿಕ್ಕಪ್ಪ ಕೀಪರ್ ಅಂದರೆ ಚಿಕ್ಕಪ್ಪನೇ. ಕಾಲ ಸಂದಿಯಲ್ಲಿ ಚೆಂಡು ಬಿಟ್ಟರೂ ರಾತ್ರಿ ಊಟಕ್ಕೆ ಅವರ ಪಕ್ಕದಲ್ಲೇ ಕೂರಬೇಕು.

ಸಾಗರ: ಲೀಫ್ಸ್‌ಗೂ ಅದೇ ನಿಯಮ ಇದ್ದಿದ್ದರೆ ಎರಡು ಪಿಕ್ಕು ಉಳಿಯುತ್ತಿತ್ತು. ಅಂದಹಾಗೆ ಮಂಡ್ಯ, ನಿನಗೊಂದು ಸಿಹಿ ಸುದ್ದಿ ಇದೆ.

ಮಂಡ್ಯ: ಬೇಡ.

ಸಾಗರ: ಮಾರ್ಶಾಂಡ್‌ಗೆ ಬದಲಾಗಿ ನಮಗೆ ಸಿಕ್ಕಿದ್ದು ಬರೀ ಸೆಕೆಂಡ್ ರೌಂಡ್ ಪಿಕ್ಕು. ಆದರೆ ಒಂದು ಷರತ್ತು ಇತ್ತು. ಫ್ಲಾರಿಡಾ ಎರಡು ಸುತ್ತು ಗೆದ್ದು, ಅವನು ಕನಿಷ್ಠ ಅರ್ಧದಷ್ಟು ಪಂದ್ಯ ಆಡಿದ್ದರೆ ಅದಕ್ಕೆ ಫಸ್ಟ್ ರೌಂಡಿಗೆ ಬಡ್ತಿ. ಎರಡನೇ ಸುತ್ತು ಇವತ್ತು ಗೆದ್ದರು. ಕಾರ್ಲೊಗೆ ನೀವು ಕೊಟ್ಟಿದ್ದು ಒಂದು, ಸೋತು ಕೊಡಿಸಿದ್ದು ಇನ್ನೊಂದು.

ಕುಂದಾಪುರ: ಛೆ! ಇದು ನನಗೂ ಹೊಳೆದಿರಲಿಲ್ಲ.

ಮಂಡ್ಯ: ಸಾಗರ, ನಿನ್ನ ಸೆಮಿಸ್ಟರ್ ರೆಕಾರ್ಡ್ ಪೂರಾ ಬರೆದುಕೊಟ್ಟವನು ನಾನು. ಮರೆಯಬೇಡ.

ಹುಬ್ಬಳ್ಳಿ: 1967ರಿಂದ ಕಪ್ ಇಲ್ಲ ಅಂತಲ್ಲ ನಿಮಗೆ? ನಾವು 18 ವರ್ಷಕ್ಕೇ ಸುಸ್ತಾಗಿದ್ದೇವೆ. ಮೊನ್ನೆ ಶನಿವಾರದ ಮ್ಯಾಚು ಮಳೆಗೇ ಹೋಯಿತು. ಸಮಾಧಾನ ಮಾಡಿಕೋ.

ಮಂಡ್ಯ: ಸಮಾಧಾನ ಏನು ಬಂತು. ಮಗಳಿಗೆ ಲಾಟನ್ ಹೆಸರಿನ ಜರ್ಸಿ ಮಾಡಿಸಿದ್ದೆ. ಇವತ್ತು ಮೂರನೇ ಗೋಲು ಬಿದ್ದಾಗ "ಅಪ್ಪಾ, ನನ್ನ ಪ್ಲೇಯರ್ ಯಾವಾಗ ಹೊಡೀತಾನೆ" ಅಂದಳು. ಅವನ ಕೆಲಸ ಪೆನಾಲ್ಟಿ ತಡೆಯೋದು ಕಂದಾ ಅಂತ ವಿವರಿಸುತ್ತಾ ಕೂತಿದ್ದೆ, ಅಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು.

ಕುಂದಾಪುರ: ಅಂಗಡಿಯವರು ವಾಪಸ್ ತಗೊಳ್ಳಲ್ವಾ?

ಮಂಡ್ಯ: ಹೆಸರು ಹಾಕಿಸಿದ್ದಕ್ಕೆ ವಾಪಸ್ ಇಲ್ಲ.

ಸಾಗರ: ಮಾರ್ಶಾಂಡ್‌ದು ಒಂದು ಕಳಿಸಲಾ?

ಮಂಡ್ಯ ಗುಂಪನ್ನು ತೊರೆದಿದ್ದಾರೆ

ಹುಬ್ಬಳ್ಳಿ: ಸಂಜೆ ಸೇರಿಸಿಕೊಳ್ಳೋಣ ಬಿಡು.